ಪುಸ್ತಕದೊಳಗೆ ನನ್ನ ಮೂಗು

ನನ್ನ ಮೂಗು ಪುಸ್ತಕದಲ್ಲಿ ಅಚ್ಚಾಗಿ ಬಂದಿದೆ. ಬರೀ ಮೂಗಲ್ಲ, ಮೂಗುಬೊಟ್ಟಿನ ಸಮೇತ, ಬಣ್ಣದಲ್ಲಿ! ಬೆಳಗ್ಗೆ ಪುಸ್ತಕ ಮನೆಗೆ ಬಂದಾಗಿನಿಂದ ಅದನ್ನು ಹದಿನೈದು ಸಲವಾದರೂ ತೆರೆದು ನೋಡಿದ್ದೇನೆ. ಒಂದು ಸಲ ದೇವರ ಮುಂದಿಟ್ಟು ಕುಂಕುಮ ಹಚ್ಚಲು ಹೋಗಿ ಮಗಳ ಕೈಲಿ ಬೈಸಿಕೊಂಡೆ. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟು ಎಮ್ಮೆ ಮೇಯಿಸಲು ಹೋದವಳು. ಈ ಬರಹದಲ್ಲಿ ಕಾಗುಣಿತ ಸರಿಯಾಗಿದ್ದರೆ ಅದು ಮಗಳ ಉಪಕಾರ. ಅಂಥವಳ ಮೂಗು ಪುಸ್ತಕ ಸೇರಿದೆ ಎಂದರೆ ನಮ್ಮ ಮೇಷ್ಟರು ನಂಬುತ್ತಿದ್ದರೇ?

ಇದಕ್ಕೆಲ್ಲ ಕಾರಣ ನಮ್ಮ ಕೆಳಗಿನ ಮನೆಯಾಕೆ. ಆಕೆಗೆ ತಲೆ ಸರಿಯಿಲ್ಲ ಅಂತ ಮೊದಲ ತಿಂಗಳು ನಾನು ಗಟ್ಟಿಯಾಗಿ ನಂಬಿದ್ದೆ. ಈಗಲೂ ಆ ನಂಬಿಕೆ ಪೂರ್ತಿ ಹೋಗಿಲ್ಲ ಅನ್ನಿ.

ನಾವಿರುವುದು ಅಮೆರಿಕದ ರೆಂಟನ್‌ನಲ್ಲಿ. ಅಳಿಯನಿಗೆ ವಿಮಾನ ಜೋಡಿಸುವ ಕಾರ್ಖಾನೆಯಲ್ಲಿ ಕೆಲಸ, ಮಗಳು ಸುಮಳಿಗೆ ಆಫೀಸು. ಹಗಲೆಲ್ಲ ಮನೆಯಲ್ಲಿ ನಾನೊಬ್ಬಳೇ. ಮಧ್ಯಾಹ್ನದ ಮೇಲೆ ಸ್ಕೂಲ್ ಬಸ್ಸಿಳಿದು ಮೊಮ್ಮಗಳು ಇಂಚರ ಬರುತ್ತಾಳೆ. ಅವಳಿಗೆ ನನ್ನ ಕನ್ನಡ ಒಳಗೆ ಹೋಗುತ್ತದೆ, ಹೊರಗೆ ಬರುವುದು ಹೆಚ್ಚಾಗಿ ಇಂಗ್ಲಿಷು. ನಡುವೆ ಅದ್ಯಾವ ಮಿಷನ್ನಿದೆಯೋ!

ಒಂದು ದಿನ ಬಸ್ಸಿನಿಂದ ಅವಳನ್ನು ಕರೆತರುವಾಗ ನೋಡುತ್ತೇನೆ, ಅರವತ್ತು ದಾಟಿದ ಹೆಂಗಸೊಬ್ಬಳು ಕಾರು ನಿಲ್ಲಿಸುವ ಜಾಗದಲ್ಲಿ ಮಂಡಿಯೂರಿ, ಕೈಯೂರಿ ತೆವಳುತ್ತಿದ್ದಾಳೆ. ಮೂಗಿನ ಮೇಲೊಂದು ಕನ್ನಡಕ, ನೆತ್ತಿಯ ಮೇಲೊಂದು. ಪಾಪ, ಓಲೆ ಕಳೆದುಕೊಂಡಳೇನೋ ಅಂತ ನಾನೂ ಸೀರೆ ಎತ್ತಿಕಟ್ಟಿ ಮಂಡಿಯೂರಿದೆ. ಇಬ್ಬರೂ ಐದು ನಿಮಿಷ ತೆವಳಿದೆವು. ಇಂಚರ ಆಕೆಯನ್ನು ಮಾತಾಡಿಸಿ ಬಂದಳು.

"ಅಜ್ಜಿ, ಶಿ ಈಸ್ ಬೀಯಿಂಗ್ ಎ ಗೋಟ್."

"ಏನಾಗವ್ಳಂತೆ?"

"ಆಡು. ಆಡಿಗೆ ಎಲ್ಲ ಹೇಗೆ ಕಾಣ್ಸುತ್ತೆ ಅಂತ ನೋಡ್ತಿದಾರೆ."

"ಮೊದ್ಲೇ ಹೇಳ್ಬಾರ್ದಾ? ನನ್ನ ಮಂಡಿ ಹೋಯ್ತಲ್ಲೇ."

ಆಕೆ ಆಫ್ರಿಕಾದ ಉಗಾಂಡ ದೇಶದವಳು. ಮಕ್ಕಳ ಪುಸ್ತಕ ಬರೆದು, ಅದಕ್ಕೆ ಚಿತ್ರವನ್ನೂ ತಾನೇ ಬಿಡಿಸುತ್ತಾಳೆ. ಆಕೆಯ ಕೆಲಸದ ಕ್ರಮವೇ ವಿಚಿತ್ರ. ಮೊದಲು ಚಿತ್ರಗಳೆಲ್ಲ ಮುಗಿಯಬೇಕು, ಒಂದಕ್ಷರವೂ ಇರಕೂಡದು. ಆಮೇಲೆ ಅವನ್ನು ಓದು ಬಾರದವರ ಮುಂದೆ ಹರವುತ್ತಾಳೆ. ಅವರು ನೋಡಿಕೊಂಡೇ ಕಥೆ ಹೇಳಬೇಕು. ಎಲ್ಲಿ ಎಡವುತ್ತಾರೋ ಆ ಚಿತ್ರ ಕಸದ ಬುಟ್ಟಿಗೆ. ಇಡೀ ರೆಂಟನ್‌ನಲ್ಲಿ ಓದು ಬಾರದವರಿಗಾಗಿ ಹುಡುಕಿ ಸುಸ್ತಾಗಿದ್ದಳಂತೆ. ನಾನು ಸಿಕ್ಕಿದ್ದಕ್ಕೆ ಕೈ ಹಿಡಿದು ಕುಲುಕಿದ್ದೇ ಕುಲುಕಿದ್ದು. ನನ್ನ ಮೂರನೇ ಕ್ಲಾಸಿಗೆ ಅಷ್ಟು ಮರ್ಯಾದೆ ಇನ್ಯಾರು ಕೊಟ್ಟಿದ್ದರು?

ಅಂದಿನಿಂದ ವಾರಕ್ಕೊಮ್ಮೆ ನಮ್ಮ ಮನೆಯ ನೆಲದ ಮೇಲೆ ಚಿತ್ರಗಳು. ನಾನು ಕನ್ನಡದಲ್ಲಿ ಕಥೆ ಹೇಳುವುದು, ಇಂಚರ ಇಂಗ್ಲಿಷಿಗೆ ದಾಟಿಸುವುದು. ಆಕೆ ಮಾತ್ರ ಎರಡು ಕೈಯನ್ನೂ ತೊಡೆಯ ಕೆಳಗಿಟ್ಟುಕೊಂಡು, ಪರೀಕ್ಷೆಗೆ ಕೂತ ಹುಡುಗಿಯ ಹಾಗೆ ನನ್ನ ಮುಖ ನೋಡುವುದು.

"ಈ ಆಡು ಗಬ್ಬ ಆಗೈತೆ. ಮುಂದಿನ ಹಾಳೇಲಿ ಮರಿ ಎಲ್ಲಿ?" ಅಂದೆ ಒಮ್ಮೆ.

"ಗಬ್ಬ ಅಂದ್ರೆ ವಾಟ್?" ಅಂದಳು ಇಂಚರ.

"ಹೊಟ್ಟೇಲಿ ಮರಿ ಐತೆ ಅನ್ನು."

ಆಕೆ ಎರಡೂ ಕನ್ನಡಕ ಬದಲಿಸಿ ತನ್ನ ಆಡನ್ನೇ ದಿಟ್ಟಿಸಿದಳು. ಬರೆದವಳಿಗೇ ಗೊತ್ತಿರಲಿಲ್ಲ! ಮುಂದಿನ ವಾರ ಎರಡು ಮರಿ ಹುಟ್ಟಿದ್ದವು. ಇನ್ನೊಂದು ದಿನ ನಾನು ಸೀನಲು ಮೂಗೆತ್ತಿದರೆ, ಹಾಗೇ ಇರಿ, ಬರೆದುಕೊಳ್ಳುತ್ತೇನೆ ಅಂದಳು. ಸೀನನ್ನು ಕೈ ಅಡ್ಡ ಹಿಡಿದು ನಿಲ್ಲಿಸಲು ಅದೇನು ಬಸ್ಸೇ?

ಹೀಗೆ ನಡೆಯುತ್ತಾ ಕೊನೆಯ ಚಿತ್ರ ಬಂತು. ಕಥೆಯಲ್ಲಿ ಒಬ್ಬ ಹುಡುಗಿ, ಅವಳ ಅಜ್ಜಿ, ಆ ಆಡು. ಹುಡುಗಿ ದೂರದ ಊರಿಗೆ ಹೋಗಿ, ವರ್ಷಗಳ ಮೇಲೆ ಅಜ್ಜಿಯನ್ನು ನೋಡಲು ಓಡೋಡಿ ಬಂದಿದ್ದಾಳೆ. ಕೊನೆಯ ಹಾಳೆಯಲ್ಲಿ ಮುಚ್ಚಿದ ಬಾಗಿಲು, ಅದರ ಮುಂದೆ ಒಂದು ಜೊತೆ ಸವೆದ ಚಪ್ಪಲಿ, ತಲೆ ತಗ್ಗಿಸಿ ನಿಂತ ಹುಡುಗಿ.

ನನಗೆ ನಗು ಬಂತು. "ಇದ್ಯಾಕೆ ಹಿಂಗೆ ಮೋರೆ ಇಳಿಬಿಟ್ಕೊಂಡು ನಿಂತದೆ? ಚಪ್ಲಿ ಹೊರಗವೆ ಅಂದ್ಮೇಲೆ ಅಜ್ಜಿ ಒಳಗವ್ಳೆ. ಒಲೆ ಮುಂದೆ ಕೂತಿರ್ತಾಳೆ, ಕಿವಿ ಕೇಳ್ಸಿರಲ್ಲ. ಬಾಗಿಲು ತಳ್ಳು ಅನ್ನು ಅದಕ್ಕೆ."

ಇಂಚರಳೂ ನಗುತ್ತಲೇ ದಾಟಿಸಿದಳು. ಆಕೆ ನಗಲಿಲ್ಲ. ಹಾಳೆಗಳನ್ನು ಒಂದೊಂದಾಗಿ ಎತ್ತಿಕೊಂಡು ಹೊರಟುಹೋದಳು. ಒಂದು ಕನ್ನಡಕ ನಮ್ಮ ನೆಲದ ಮೇಲೇ ಉಳಿಯಿತು.

ಸಂಜೆ ಸುಮ ಕನ್ನಡಕ ಕೊಡಲು ಹೋಗಿ, ವಿಷಯ ತಿಳಿದುಕೊಂಡು ಬಂದಳು. "ಅಮ್ಮಾ, ಅವರಮ್ಮ ಹೋಗ್ಬಿಟ್ಟಿದಾರಂತೆ ಕಣಮ್ಮ. ಇವರು ಊರು ಮುಟ್ಟೋ ಹೊತ್ತಿಗೆ ಮಣ್ಣು ಮಾಡಿಯಾಗಿತ್ತಂತೆ. ಬಾಗಿಲಲ್ಲಿ ಚಪ್ಪಲಿ ಮಾತ್ರ ಇತ್ತಂತೆ. ಒಳಗೆ ಹೋಗೋಕೂ ಆಗ್ದೆ ಹಂಗೇ ವಾಪಸ್ ಬಂದ್ರಂತೆ. ಆ ಚಿತ್ರ ಅದೇ."

ಆ ರಾತ್ರಿ ತಟ್ಟೆಗೆ ಹಾಕಿಕೊಂಡ ಮುದ್ದೆಯನ್ನು ಹಾಗೇ ಎತ್ತಿಟ್ಟೆ. ಒಬ್ಬಳ ತಾಯಿಯ ಸಾವಿನ ಮುಂದೆ ಕೂತು ನಕ್ಕಿದ್ದೆನಲ್ಲ. ಕ್ಷಮಿಸು ಅನ್ನಲು ಎರಡು ಸಲ ಕೆಳಗಿಳಿದೆ. ಬಾಗಿಲು ತೆರೆಯಲಿಲ್ಲ. ಮೂರನೆಯ ಸಲ ಹೋದಾಗ ಮನೆ ಖಾಲಿಯಾಗಿತ್ತು. ಊರಿಗೆ ಹೋದಳು, ಪುಸ್ತಕವನ್ನೂ ಕೈಬಿಟ್ಟಳಂತೆ ಎಂದರು ಪಕ್ಕದವರು. ಎರಡು ಚಳಿಗಾಲ ಕಳೆದವು. ಕಾರುಗಳ ನಡುವೆ ಯಾರಾದರೂ ಬಗ್ಗಿದರೆ ಆಕೆಯೇ ಇರಬೇಕೆಂದು ನಿಂತು ನೋಡುತ್ತಿದ್ದೆ. ಟೈರಿಗೆ ಗಾಳಿ ತುಂಬುವವರೇ ಎಲ್ಲ.

ಇವತ್ತು ಶನಿವಾರ, ಅಳಿಯನೊಬ್ಬನಿಗೆ ಮಾತ್ರ ಕೆಲಸ. ಬೆಳಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ಆಕೆಯೇ, ಅವೇ ಎರಡು ಕನ್ನಡಕ, ಬಣ್ಣ ಸಿಡಿದ ಬೂಟು. ಬೂಟನ್ನು ಬಾಗಿಲಾಚೆಯೇ ಬಿಟ್ಟು, ಸೀದಾ ನೆಲದ ಮೇಲೆ ಕೂತು, ಪುಸ್ತಕದ ಕೊನೆಯ ಪುಟ ತೆರೆದಿಟ್ಟು, ಕೈಗಳನ್ನು ತೊಡೆಯ ಕೆಳಗೆ ತೂರಿಸಿಕೊಂಡಳು.

ಪುಟದಲ್ಲಿ ಬಾಗಿಲು ತೆರೆದಿತ್ತು. ಹೊರಗೆ ಎರಡು ಜೊತೆ ಚಪ್ಪಲಿ, ಒಂದು ಸವೆದದ್ದು, ಒಂದು ಪುಟ್ಟದ್ದು. ಒಳಗೆ ಒಲೆಯ ಮುಂದೆ ಅಜ್ಜಿ. ಸೀನು ಬರುವಂತೆ ಎತ್ತಿದ ಮೂಗು, ಅದರ ಮೇಲೆ ಮೂಗುಬೊಟ್ಟು.

ನಾನು ನನ್ನ ಮೂಗು ಮುಟ್ಟಿ ನೋಡಿಕೊಂಡೆ. ಕಥೆ ಹೇಳಿದ್ದು ಇಂಚರ. "ಅಜ್ಜಿ, ಪಾಪು ಬಾಗಿಲು ತಳ್ಳಿದ್ಲು."

ಆಕೆ ಹೇಳಿದ್ದನ್ನು ಇಂಚರಳೇ ದಾಟಿಸಿದಳು. ಅವರೂರಲ್ಲೂ ಚಪ್ಪಲಿ ಹೊರಗಿದ್ದರೆ ಮನುಷ್ಯರು ಒಳಗೇ ಅಂತೆ. ಆಕೆಗೆ ಅದು ಮರೆತೇಹೋಗಿತ್ತಂತೆ. ನನ್ನ ಮೇಲೆ ಮೂರು ವಾರ ಸಿಟ್ಟು ಮಾಡಿ, ಆಮೇಲೆ ಊರಿಗೆ ಹೋಗಿ, ಆ ಮನೆಯ ಬಾಗಿಲು ತಳ್ಳಿದಳಂತೆ.

"ಒಳಗೆ ಅವರಮ್ಮ ಇದ್ರಾ, ಕೇಳು" ಅಂದೆ, ತಡೆಯಲಾರದೆ.

ಆಕೆ ಎದ್ದು ನಮ್ಮ ಅಡುಗೆಮನೆಗೆ ಹೋದಳು. ಗೋಡೆಗೆ ಒರಗಿಸಿದ್ದ ನನ್ನ ಮುದ್ದೆ ಕೋಲನ್ನು ಎತ್ತಿ ತೋರಿಸಿದಳು. ಅವರಮ್ಮ ಹಿಡಿದು ಹಿಡಿದು ಸವೆದ ಇಂಥದೇ ಒಂದು ಕೋಲು ಅಲ್ಲೂ ಇತ್ತಂತೆ. ಅವರಲ್ಲೂ ರಾಗಿಯಂತೆ, ಅವರಲ್ಲೂ ಮುದ್ದೆಯಂತೆ!

ಮತ್ತೇನು, ಸಂಜೆಗೆ ರಾಗಿ ಮುದ್ದೆ, ಬಸ್ಸಾರು. ನೆಲದ ಮೇಲೇ ಎಲ್ಲರೂ ಕೂತೆವು. ಆಕೆ ಮಂಡ್ಯದವಳ ಹಾಗೆ ಮುದ್ದೆ ಮುರಿದು, ಬೆರಳಲ್ಲಿ ಉಂಡೆ ಮಾಡಿ ಸಾರಿಗೆ ಅದ್ದಿದಳು. ಚಮಚ ಬೇಕೆಂದು ಹಟ ಹಿಡಿಯುತ್ತಿದ್ದ ಇಂಚರ, ಆಕೆಯನ್ನೇ ನೋಡಿ ನೋಡಿ ತಾನೂ ಕೈ ಹಾಕಿದಳು. ಅಷ್ಟರಲ್ಲಿ ಕೆಲಸ ಮುಗಿಸಿ ಬಂದ ಅಳಿಯ ಬಾಗಿಲಲ್ಲೇ ನಿಂತು ಕೂಗಿದ.

"ಇದ್ಯಾರದು ಬೂಟು, ಹೊರಗಡೆ?"

ಬಾಯಿ ತುಂಬ ಮುದ್ದೆ ಇಟ್ಟುಕೊಂಡೇ ಇಂಚರ ಅಂದಳು: "ಒಳಗಿದಾರೆ. ನೀನೂ ಬಾ ಅಪ್ಪ, ಊಟಕ್ಕೆ."