ಹುಲ್ಲೋ, ಕಟ್ಟಿಗೆಯೋ, ಕಲ್ಲೋ

ಆ ಭಾನುವಾರ ಬೆಳಿಗ್ಗೆ ಕೊಟ್ಟೂರಿನ ಕರಿಸಿದ್ದಪ್ಪ ನೀರಿನ ಟ್ಯಾಂಕು ತುಂಬಿತೋ ಇಲ್ಲವೋ ನೋಡಲು ಮಾಳಿಗೆ ಹತ್ತದೇ ಇದ್ದಿದ್ದರೆ, ಉಂಡು ಮಲಗಿ ಎದ್ದು ದಿನ ಸುಖವಾಗಿ ಕಳೆದುಹೋಗುತ್ತಿತ್ತು. ಆದರೆ ಹತ್ತಿದ. ಮಾಳಿಗೆಯ ಮೇಲಿನ ಬಾಡಿಗೆ ಕೋಣೆಯ ಕಿಟಕಿ ಅರ್ಧ ತೆರೆದಿತ್ತು. ತೆರೆದ ಕಿಟಕಿಯ ಮುಂದೆ ಸುಮ್ಮನೆ ಹಾದುಹೋಗುವುದು ಅವನ ಜಾಯಮಾನವಲ್ಲ.

ಕೆಲವರಿಗೆ ನಶ್ಯ ಹೇಗೋ ಕರಿಸಿದ್ದಪ್ಪನಿಗೆ ಸಂಶಯ ಹಾಗೆ, ಗಳಿಗೆಗೊಮ್ಮೆ ಏರಿಸದಿದ್ದರೆ ತಲೆ ಓಡುತ್ತಿರಲಿಲ್ಲ. ಅವನದು ಹಗ್ಗ, ಬುಟ್ಟಿ, ಹಾರೆ, ಗುದ್ದಲಿ ಮಾರುವ ಅಂಗಡಿ. ಹಗ್ಗ ಕೇಳಿ ಬಂದವರಿಗೆ ಯಾತಕ್ಕೆ ಎಂದು ವಿಚಾರಿಸದೆ ಒಂದು ಗೇಣನ್ನೂ ಕತ್ತರಿಸಿ ಕೊಟ್ಟವನಲ್ಲ. ಹೆಂಡತಿ ಅನ್ನದಾನಮ್ಮ ಸಾರಿಗೆ ಉಪ್ಪು ಹಾಕಿದ್ದೇನೆ ಎಂದರೆ ಹಾಕಿರಲಿಕ್ಕಿಲ್ಲ ಎಂದೇ ಅವನ ಲೆಕ್ಕ.

ಮೇಲಿನ ಕೋಣೆಯಲ್ಲಿದ್ದವನು ಪ್ರಬುದ್ಧ. ಹಂಪಸಾಗರದ ಹುಡುಗ, ಭೂಮಾಪಕನ ನೌಕರಿ ಸಿಕ್ಕಿ ಈಚೆಗೆ ಊರಿಗೆ ಬಂದಿದ್ದ. ಬಂದ ದಿನವೇ ಕೈಮುಗಿದು, ತಮ್ಮದೇನಾದರೂ ಜಾಗ ಇದ್ದರೆ ಹೇಳಿ, ಅಳತೆ ಮಾಡಿ ಗುರುತು ಹಾಕಿಕೊಡುತ್ತೇನೆ ಎಂದು ಪ್ರೀತಿಯಿಂದ ಹೇಳಿದ್ದ. ಯಾರೂ ಕೇಳದೇ ಉಪಕಾರ ಮಾಡಲು ಬರುವವನ ಹೊಟ್ಟೆಯಲ್ಲಿ ಏನೋ ಇದೆ ಎಂದು ಕರಿಸಿದ್ದಪ್ಪ ಅಂದೇ ತೀರ್ಮಾನಿಸಿದ್ದ. ಕೂಡ್ಲಿಗಿ ರಸ್ತೆಯ ಹೊಸ ಬಡಾವಣೆಯಲ್ಲಿ ತನ್ನದೊಂದು ಖಾಲಿ ಸೈಟು ಇರುವ ಸುದ್ದಿಯನ್ನು ಅವನ ಮುಂದೆ ಅಪ್ಪಿತಪ್ಪಿಯೂ ಎತ್ತಿರಲಿಲ್ಲ.

ಈಗ ಕಿಟಕಿಯೊಳಗಿಂದ ಪ್ರಬುದ್ಧ ಫೋನಿನಲ್ಲಿ ಯಾರೊಡನೆಯೋ ಮಾತಾಡುವುದು ಕೇಳಿಸಿತು. ಕರಿಸಿದ್ದಪ್ಪ ಟ್ಯಾಂಕಿನ ಹಿಂದೆ ಕುಕ್ಕರಗಾಲಿನಲ್ಲಿ ಕೂತ.

"ಹುಲ್ಲಿಂದು ಬ್ಯಾಡಲೇ, ಒಂದು ಕಡ್ಡಿ ಗೀರಿದ್ರ ಬೂದಿ. ಕಟಿಗಿಲೆ ಕಟ್ಟಿದ್ರ ಕೊಡ್ಲಿ ತಗೊಂಡು ಬಂದು ಕಡೀತಾರ. ಮೊದ್ಲ ಕಲ್ಲು ಹಾಕೋಣು. ಕಲ್ಲಿಗೆ ಯಾರೂ ಏನೂ ಮಾಡಂಗಿಲ್ಲ."

ಆ ಕಡೆಯವನು ಏನೋ ಅಂದಿರಬೇಕು. ಪ್ರಬುದ್ಧ ನಕ್ಕ.

"ಜಾಗ ನಾ ನೋಡೇನಿ. ಖಾಲಿ ಬಿದ್ದೈತಿ, ಕಾಯಾವ್ರಿಲ್ಲ. ಕತ್ತಲಾಗೂದ್ರಾಗ ನಾಕು ಗ್ವಾಡಿ ಎಬ್ಬಿಸಿ ಬಾಗ್ಲ ಹಚ್ಚಿದ್ರ ಅದು ನಮ್ದ."

ಕರಿಸಿದ್ದಪ್ಪ ಕೂತಲ್ಲಿಂದಲೇ ಕಿವಿಯನ್ನು ಕಿಟಕಿಯ ಕಡೆಗೆ ಇನ್ನಷ್ಟು ಚಾಚಿದ.

"ಕರಿಯ ಬಂದ್ರ? ಬರ್ಲಿ ಬಿಡು. ಅಂವ ಭಾಳ ದಪ್ಪ ಅದಾನ, ಮ್ಯಾಲೆ ಹತ್ತಾಕ ಬರಂಗಿಲ್ಲ. ಹತ್ರ ಬಂದ ಕೂಡ್ಲೆ ತಲಿಗೆ ಹೊಡಿ."

ಕರಿಸಿದ್ದಪ್ಪನನ್ನು ಅವನ ಓರಗೆಯವರೆಲ್ಲ ಕರೆಯುತ್ತಿದ್ದುದು ಕರಿಯ ಎಂದೇ. ದಪ್ಪ ಎಂಬುದೂ ಸುಳ್ಳಲ್ಲ. ಮೆಟ್ಟಿಲು ಹತ್ತಿದ ಏದುಸಿರು ಇನ್ನೂ ಇಳಿದಿರಲಿಲ್ಲ. ಅವನು ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಬೆಕ್ಕಿನ ಹೆಜ್ಜೆಯಲ್ಲಿ ಕೆಳಗಿಳಿದ.

ಅಡುಗೆಮನೆಯಲ್ಲಿ ಅನ್ನದಾನಮ್ಮ ರೊಟ್ಟಿ ಬಡಿಯುತ್ತಿದ್ದಳು. ಗಂಡ ಪಿಸುದನಿಯಲ್ಲಿ ಹೇಳಿದ್ದನ್ನೆಲ್ಲ ಕೇಳಿ, ಆ ಹುಡುಗ ಇರುವೆ ತುಳಿಯಲೂ ಹೆದರುವವನು, ಆಫೀಸಿನ ಕೆಲಸದ ಮಾತೇನೋ ಇರಬೇಕು ಎಂದಳು. ಸರ್ಕಾರಿ ನೌಕರ ಭಾನುವಾರ ಆಫೀಸಿನ ಕೆಲಸ ಮಾಡುತ್ತಾನೆ ಎಂಬುದು ಕರಿಸಿದ್ದಪ್ಪನಿಗೆ ಇನ್ನೂ ದೊಡ್ಡ ಸಂಶಯದ ಸಂಗತಿಯಾಗಿ ಕಂಡಿತು. ಹೋಗಿ ನೇರ ಕೇಳಿಬಿಡಿ ಎಂದಳು. ಕಳ್ಳನನ್ನು ಕಳ್ಳನೇನು ಎಂದು ಕೇಳಿದರೆ ಹೌದು ಅನ್ನುತ್ತಾನೆಯೇ ಎಂದು ಅವನು ಅಂಗಿ ತೊಟ್ಟು ಹೊರಬಿದ್ದ.

ಹೊರಗೆ ಹಂಪಕ್ಕ ನಿಂತಿದ್ದಳು. ಪಕ್ಕದ ಮನೆಯವಳು. ಎರಡು ಮನೆಗೂ ನಡುವೆ ಒಂದೇ ಗೋಡೆ, ಅದರಲ್ಲಿ ಅಡುಗೆಮನೆಯ ಕಡೆಗೆ ಒಂದು ಗವಾಕ್ಷಿ. ಆದ್ದರಿಂದ ಅವಳಿಗೆ ಮತ್ತೊಮ್ಮೆ ಹೇಳುವ ಶ್ರಮ ಬೀಳಲಿಲ್ಲ. ಜಾಗ ಕಬಳಿಸುವ ವಿಷಯದಲ್ಲಿ ಹಂಪಕ್ಕ ಬಲ್ಲವಳು, ಅವಳ ಹಿತ್ತಿಲ ಬೇಲಿಯನ್ನು ಮೈದುನ ಹಬ್ಬಕ್ಕೊಂದು ಗೇಣಿನಂತೆ ಸರಿಸುತ್ತ ಬಂದು ಬಚ್ಚಲ ತನಕ ಮುಟ್ಟಿದ್ದ. ಪೊಲೀಸರ ಹತ್ತಿರ ಈಗ ಹೋದರೆ ಏನೂ ಆಗದೇ ಯಾಕೆ ಬಂದೆ ಎಂದು ಕಳಿಸುತ್ತಾರೆ, ಆದ ಮೇಲೆ ಹೋದರೆ ಕೋರ್ಟಿಗೆ ಹೋಗು ಅನ್ನುತ್ತಾರೆ ಎಂದಳು.

"ಅವ್ರಕ್ಕಿಂತ ಮೊದ್ಲ ನೀನ ಕಟ್ಟಿಬಿಡು ಕರಿಯಣ್ಣ," ಎಂದಳು. "ಖಾಲಿ ಜಾಗ ಅಂದ್ರ ಬಾಗ್ಲ ಇಲ್ಲದ ಮನಿ. ನಾಯಿನೂ ಬರ್ತೈತಿ, ನರಿನೂ ಬರ್ತೈತಿ."

ಈ ಮಾತು ಕರಿಸಿದ್ದಪ್ಪನಿಗೆ ಹಿಡಿಸಿತು. ಅಂಗಡಿಗೆ ಹೋಗಿ ಹಾರೆ, ಗುದ್ದಲಿ ತೆಗೆದುಕೊಂಡು, ಗಾರೆ ಮೇಸ್ತ್ರಿ ರಾಮಣ್ಣನನ್ನು ಅವನ ಮನೆಯ ಕಟ್ಟೆಯ ಮೇಲಿಂದಲೇ ಎಬ್ಬಿಸಿಕೊಂಡು ಬಡಾವಣೆಗೆ ಹೊರಟ. ಹಂಪಕ್ಕ ಕರೆಯದೇ ಆಟೋ ಹತ್ತಿ ನಡುವೆ ಕೂತಳು.

ಸೈಟು ಕೊಂಡ ಮೇಲೆ ಕರಿಸಿದ್ದಪ್ಪ ಆ ಕಡೆ ಹಾದಿರಲಿಲ್ಲ. ಆಗ ಅದು ಬರೀ ಹೊಲ. ಈಗ ಎದುರಿಗೂ ಬಲಕ್ಕೂ ಡಾಂಬರು ರಸ್ತೆ ಬಂದು, ಒಳಗೆಲ್ಲ ಬಳ್ಳಾರಿ ಜಾಲಿ ಮೂಗಿನ ಮಟ್ಟ ಬೆಳೆದಿತ್ತು. ನಂಬರಿನ ಕಲ್ಲುಗಳನ್ನು ಯಾವ ಪುಣ್ಯಾತ್ಮರು ಒಯ್ದು ಬಟ್ಟೆ ಒಗೆಯಲು ಹಾಕಿಕೊಂಡಿದ್ದರೋ, ಒಂದೂ ಇರಲಿಲ್ಲ. ಆದರೇನು, ಕರಿಸಿದ್ದಪ್ಪನಿಗೆ ನೆನಪು ಗಟ್ಟಿ. ಬಲಗಡೆಯ ಅಂಚಿನಿಂದ ಎರಡನೆಯದು ತನ್ನದು. ಎಣಿಸಿದ, ಕಾಲಲ್ಲಿ ಗೆರೆ ಎಳೆದ. ಅಳತೆಯವರನ್ನು ಒಮ್ಮೆ ಕರೆಸಿದರೆ ಒಳ್ಳೆಯದಿತ್ತು ಎಂದು ರಾಮಣ್ಣ ಅಂದದ್ದಕ್ಕೆ, ಅಳತೆಯವನ ಕಾಟಕ್ಕೇ ಇಲ್ಲಿಗೆ ಬಂದದ್ದು ಎಂದು ಗದರಿದ.

ಇನ್ನು ಯಾವುದರಲ್ಲಿ ಕಟ್ಟುವುದು ಎಂಬ ಪ್ರಶ್ನೆ. ಕರಿಸಿದ್ದಪ್ಪನ ಮನಸ್ಸಿನಲ್ಲಿದ್ದುದು ನಾಲ್ಕು ಗಳ ನಿಲ್ಲಿಸಿ ಜೋಳದ ದಂಟು, ತೆಂಗಿನ ಗರಿ ಹೊದಿಸಿದ ಒಂದು ಗುಡಿಸಲು. ಹಂಪಕ್ಕ ನಕ್ಕಳು. ಒಂದು ಕಡ್ಡಿ ಗೀರಿದರೆ ಬೂದಿ ಎಂದು ಆ ಹುಡುಗನ ಬಾಯಿಂದಲೇ ನೀನು ಕೇಳಲಿಲ್ಲವೇ ಎಂದಳು. ಹಾಗಾದರೆ ಜಾಲಿ ಕಟ್ಟಿಗೆಯದೇ ಕಟ್ಟಿದರೆ ಹೇಗೆ ಎಂದು ಇವನು ಒಂದು ಮೆಟ್ಟಿಲು ಏರಿದ. ಕೊಡಲಿಯ ಮಾತನ್ನೂ ಅವಳು ನೆನಪಿಸಿದಳು. ಕರಿಸಿದ್ದಪ್ಪನಿಗೆ ಒಪ್ಪದೆ ವಿಧಿಯಿರಲಿಲ್ಲ. ಜಾಗ ಹೊಡೆಯುವವರೇ ಕಲ್ಲಿಗೆ ಯಾರೂ ಏನೂ ಮಾಡಲಾರರು ಎಂದು ಹೇಳಿದ ಮೇಲೆ ಕಲ್ಲೇ ಸರಿ. ವೈರಿಯ ಸಲಹೆಯಷ್ಟು ನಿಜವಾದ ಸಲಹೆ ಇನ್ನೊಂದಿಲ್ಲ.

"ಬರೇ ಚಪ್ಪಡಿ ನಿಲ್ಲಿಸಿದ್ರ ಸಾಕಾ, ಬುಡಕ್ಕ ಕಾಂಕ್ರೀಟ್ ಹಾಕ್ಲಾ?" ಎಂದು ರಾಮಣ್ಣ ಕೇಳಿದ. "ಹಾಕಿದ್ರ ಆಮ್ಯಾಲೆ ಕೀಳಾಕ ಬರಂಗಿಲ್ಲ ಮತ್ತ."

"ಕೀಳಾಕ ಬರಬಾರ್ದು ಅಂತನ ಕಟ್ಟಾಕತ್ತೀವಿ," ಎಂದ ಕರಿಸಿದ್ದಪ್ಪ.

ರಾಮಣ್ಣನ ಫೋನಿಗೆ ಟ್ರ್ಯಾಕ್ಟರಿನಲ್ಲಿ ಚಪ್ಪಡಿ ಬಂತು, ಆಳು ಬಂದರು. ಜಾಲಿ ಕಡಿದು, ಗುಂಡಿ ತೋಡಿ, ಆಳೆತ್ತರದ ಕಲ್ಲು ಒಂದೊಂದೇ ನಿಲ್ಲತೊಡಗಿದವು. ಕರಿಸಿದ್ದಪ್ಪ ತಲೆಗೆ ಟವೆಲ್ಲು ದಪ್ಪಗೆ ಸುತ್ತಿಕೊಂಡು, ರಸ್ತೆಯಲ್ಲಿ ಹೋಗುವ ಪ್ರತಿ ಬೈಕನ್ನೂ ಕಣ್ಣು ಕಿರಿದು ಮಾಡಿ ನೋಡುತ್ತ ನಿಂತ. ಕುರಿ ಮೇಯಿಸುವ ಮುದುಕನೊಬ್ಬ ನೆರಳಿಗೆ ಕೂರಲು ಬಂದರೆ, ಯಾರು ಕಳಿಸಿದರು ಎಂದು ವಿಚಾರಣೆ ನಡೆಸಿದ. ಮುದುಕ ಕುರಿಗಳ ಸಮೇತ ಬಿಸಿಲಿಗೇ ಹೋದ. ಹಂಪಕ್ಕ ಮನೆಯ ಕಡೆಯ ಕಾವಲು ತನ್ನದೆಂದು ಹೇಳಿ ಊರಿಗೆ ಮರಳಿದಳು.

ಹೊತ್ತು ನೆತ್ತಿಗೇರಿದಾಗ ಒಂದು ಕಾರು ಬಂದು ನಿಂತಿತು. ಬಿಳಿ ಅಂಗಿಯ ಮನುಷ್ಯ ಇಳಿದು, ನಿಂತ ಚಪ್ಪಡಿಗಳನ್ನು ನೋಡಿದ, ಪಕ್ಕದ ಖಾಲಿ ಮೂಲೆಯನ್ನು ನೋಡಿದ, ಮತ್ತೆ ಚಪ್ಪಡಿಗಳನ್ನು ನೋಡಿದ. ಹರಪನಹಳ್ಳಿಯ ಬಟ್ಟೆ ವ್ಯಾಪಾರಿ ಗುರುಬಸವರಾಜ ಎಂದು ಹೆಸರು ಹೇಳಿಕೊಂಡ. ತಾನೂ ಇಲ್ಲಿ ಸೈಟು ತೆಗೆದುಕೊಂಡವನು, ಇವತ್ತು ಬೇಲಿ ಹಾಕಿಸಲು ಬಂದೆ ಎಂದ.

"ಇದು ನಿಮ್ದಾ ಯಜಮಾನ್ರೇ?" ಎಂದು ಬಹಳ ಮರ್ಯಾದೆಯಿಂದ ಕೇಳಿದ.

ಇವನೂ ಆ ಗುಂಪಿನವನೇ ಎಂದು ಕರಿಸಿದ್ದಪ್ಪನಿಗೆ ಅನಿಸಿತು. ಹಾರೆಯನ್ನು ನೆಲಕ್ಕೆ ಕುಟ್ಟಿ, ಇದು ತನ್ನದು, ಬೇರೆ ಯಾರದೂ ಅಲ್ಲ, ಒಂದು ಬೆರಳಿನಷ್ಟೂ ಬಿಡುವವನಲ್ಲ, ಬೇಕಾದರೆ ತಹಸೀಲ್ದಾರರೇ ಬರಲಿ ಎಂದ.

"ಅಲ್ಲಾ, ಆ ಮೂಲೇದೂ ನಿಮ್ದೇ ಇರಬೌದಾ ಅಂತ ಕೇಳಿದೆ."

"ಅದು ನಂದಲ್ರಿ. ಅದರ ಉಸಾಬರಿ ನನಗ್ಯಾಕ? ನಂದು ಇದು."

ಗುರುಬಸವರಾಜ ಸ್ವಲ್ಪ ಹೊತ್ತು ಗಲ್ಲ ತುರಿಸಿಕೊಂಡ. ಕಾರಿನ ಹಿಂದೆ ಹೋಗಿ ಯಾರಿಗೋ ಫೋನು ಮಾಡಿ ಬಂದ. ಬರುವಾಗ ಮುಖದಲ್ಲಿ ನಗೆ ಇತ್ತು. ನಾಳೆ ಅಕ್ಕಪಕ್ಕದವರ ನಡುವೆ ಮಾತು ಬರಬಾರದು, ನೀವು ಹೇಳಿದ್ದನ್ನೇ ಇನ್ನೊಮ್ಮೆ ಹೇಳಿದರೆ ಮೊಬೈಲಿನಲ್ಲಿ ಹಿಡಿದುಕೊಳ್ಳುತ್ತೇನೆ ಎಂದ. ಸಾಕ್ಷಿ ಸಮೇತ ವ್ಯವಹಾರ ಮಾಡುವವನೊಬ್ಬ ಕೊನೆಗೂ ಸಿಕ್ಕಿದನಲ್ಲ ಎಂದು ಕರಿಸಿದ್ದಪ್ಪನ ಸಂಶಯ ಬಿಸಿಲಿಗಿಟ್ಟ ಬೆಣ್ಣೆಯಾಯಿತು. ಟವೆಲ್ಲು ಸರಿಮಾಡಿಕೊಂಡು, ಚಪ್ಪಡಿಗೆ ಕೈ ಊರಿ, ಈ ಜಾಗ ನನ್ನದು, ಆ ಮೂಲೆಯದು ನನ್ನದಲ್ಲ ಎಂದು ಒಡೆಯನ ಗತ್ತಿನಲ್ಲಿ ಹೇಳಿದ. ಹಿಂದೆ ನಿಂತಿದ್ದ ರಾಮಣ್ಣನೂ ಆಳುಗಳೂ ವೀಡಿಯೊದಲ್ಲಿ ಚೆನ್ನಾಗಿ ಮೂಡಿದರು.

ಅರ್ಧ ಗಂಟೆಯಲ್ಲಿ ಗುರುಬಸವರಾಜನ ಟ್ರ್ಯಾಕ್ಟರೂ ಬಂತು. ಅವನ ಆಳುಗಳು ಮೂಲೆಯ ಸೈಟಿನ ಸುತ್ತ ಕಂಬದ ಗುಂಡಿ ತೋಡತೊಡಗಿದರು. ಹಾರೆ ಸಾಲದೆ ಬಂದಾಗ ಕರಿಸಿದ್ದಪ್ಪ ತನ್ನದನ್ನೇ ಕೊಟ್ಟ. ಕೊಟ್ಟದ್ದಲ್ಲದೆ, ಬರೀ ತಂತಿ ಬೇಲಿ ನಂಬಬೇಡಿ, ತಂತಿ ಕತ್ತರಿಸುತ್ತಾರೆ, ಕಲ್ಲೇ ನಿಲ್ಲಿಸಿ, ಬುಡಕ್ಕೆ ಕಾಂಕ್ರೀಟು ಸುರಿಯಿರಿ, ಈ ಊರಲ್ಲಿ ಜನ ಸರಿಯಿಲ್ಲ ಎಂದು ಬೆಳಗಿನಿಂದ ಸಂಪಾದಿಸಿದ ಜ್ಞಾನವನ್ನೆಲ್ಲ ಧಾರೆ ಎರೆದ. ಗುರುಬಸವರಾಜ ಅಕ್ಷರಶಃ ಹಾಗೇ ಮಾಡಿಸಿದ. ಇಬ್ಬರೂ ಒಂದೇ ಚಪ್ಪಡಿಯ ಮೇಲೆ ಕೂತು ಚಹಾ ಕುಡಿದರು. ಹಿರಿಯರ ಮಾತು ಕೇಳಬೇಕು ಎಂದು ಗುರುಬಸವರಾಜ ಎರಡು ಸಲ ಹೇಳಿದ.

ಹೊತ್ತು ಇಳಿಮುಖವಾದಾಗ ಕರಿಸಿದ್ದಪ್ಪನ ಕೋಣೆಗೆ ತಗಡು ಹೊದಿಸಿ ಆಗಿತ್ತು, ಬಾಗಿಲೂ ಕೂತಿತ್ತು. ಆಗ ಹಂಪಕ್ಕನ ಫೋನು ಬಂತು. ಪ್ರಬುದ್ಧ ಬೈಕು ಹತ್ತಿ ಆ ಕಡೆಗೇ ಬರುತ್ತಿದ್ದಾನೆ, ಹಿಂದೆ ಒಬ್ಬ ಕೂತಿದ್ದಾನೆ, ಅವನ ಕೈಯಲ್ಲಿ ಏನೋ ಭಾರದ್ದಿದೆ, ತಾನೂ ಆಟೋ ಹಿಡಿದು ಹೊರಟೆ ಎಂದಳು. ಕರಿಸಿದ್ದಪ್ಪ ಗುದ್ದಲಿ ಹಿಡಿದು ಬಾಗಿಲಿಗೆ ಅಡ್ಡ ನಿಂತ. ರಾಮಣ್ಣನ ಆಳುಗಳು ಏನೆಂದು ತಿಳಿಯದಿದ್ದರೂ ಒಗ್ಗಟ್ಟಿಗಾಗಿ ಆಚೀಚೆ ನಿಂತರು.

ಬೈಕು ನಿಂತಿತು. ಹಿಂದಿನವನ ಕೈಯಲ್ಲಿದ್ದುದು ಅನ್ನದಾನಮ್ಮನ ಊಟದ ಕ್ಯಾರಿಯರು.

"ಕಾಕಾ, ಮುಂಜಾನಿಂದ ಉಂಡಿಲ್ಲಂತ. ಕಾಕಿ ಕೊಟ್ಟು ಕಳ್ಸ್ಯಾಳ," ಎಂದ ಪ್ರಬುದ್ಧ.

"ಅಲ್ಲೇ ನಿಂದ್ರು. ಕರಿಯ ಬಂದ್ರ ತಲಿಗೆ ಹೊಡಿ ಅಂದಿಲ್ಲೇನು ನೀನು? ನನ್ನ ಕಿವಿಲೆ ಕೇಳೇನಿ."

ಪ್ರಬುದ್ಧ ಕಕ್ಕಾಬಿಕ್ಕಿಯಾಗಿ ಗೆಳೆಯನ ಮುಖ ನೋಡಿದ. ಗೆಳೆಯ ಹಡಗಲಿಯವನು, ಬೆಳಿಗ್ಗೆ ಫೋನಿನ ಆ ತುದಿಯಲ್ಲಿದ್ದವನು ಅವನೇ. ಮಧ್ಯಾಹ್ನದ ಬಸ್ಸಿಗೆ ಕೊಟ್ಟೂರಿಗೆ ಬಂದಿದ್ದ. ಇಬ್ಬರಿಗೂ ಒಟ್ಟಿಗೇ ಅರ್ಥವಾಗಿ, ನಗುವುದೋ ಓಡುವುದೋ ತಿಳಿಯದೆ ಪ್ರಬುದ್ಧ ಮೊಬೈಲು ತೆಗೆದು ಮುಂದೆ ಹಿಡಿದ. ಅದರಲ್ಲಿ ಒಂದು ಕಾಡು. ಕಾಡಿನಲ್ಲಿ ಬರಿಗೈಯಲ್ಲಿ ಬಂದು ಬಿದ್ದವರು ಹುಲ್ಲು, ಕಟ್ಟಿಗೆ, ಕಲ್ಲು ಕೂಡಿಸಿ ಮೊದಲ ಮನೆ ಕಟ್ಟಿಕೊಂಡು ಜೀವ ಉಳಿಸಿಕೊಳ್ಳಬೇಕು, ಅದೇ ಆಟ. ಹುಲ್ಲಿನದು ಸುಲಭ, ಆದರೆ ಉರಿಯುತ್ತದೆ. ಕಲ್ಲಿನದು ಕಷ್ಟ, ಆದರೆ ನಿಲ್ಲುತ್ತದೆ. ಬೆಳಿಗ್ಗೆ ನಡೆದದ್ದು ಆ ವಾದ. ಪರದೆಯ ಮೂಲೆಯಿಂದ ದಪ್ಪನೆಯ ಕರಡಿಯೊಂದು ತೂರಾಡುತ್ತ ಬಂತು.

"ಇಂವ ನೋಡ್ರಿ ಕರಿಯ," ಎಂದ ಪ್ರಬುದ್ಧ.

ಆಳುಗಳು ನಕ್ಕರು. ರಾಮಣ್ಣ ಆ ಕಡೆ ತಿರುಗಿ ನಕ್ಕ. ಕರಿಸಿದ್ದಪ್ಪ ಕರಡಿಯನ್ನೂ ಪ್ರಬುದ್ಧನನ್ನೂ ಸುಮಾರು ಹೊತ್ತು ನೋಡಿ, ಗುದ್ದಲಿ ಇಳಿಸಿದ. ನಾಚಿಕೆಯಾಯಿತು, ಆದರೆ ಅದಕ್ಕಿಂತ ಹೆಚ್ಚಾಗಿ ಹಸಿವಾಯಿತು. ಹೋಗಲಿ, ಹೇಗೂ ಒಂದು ಕೋಣೆ ಆಯಿತಲ್ಲ, ಜಾಗಕ್ಕೊಂದು ಕಾವಲು ಎಂದು ಸಮಾಧಾನ ಹೇಳಿಕೊಂಡು ಕ್ಯಾರಿಯರು ಬಿಚ್ಚಿದ. ಇಂಥ ಹುಡುಗನ ಮೇಲೆ ಸಂಶಯಪಟ್ಟದ್ದನ್ನು ತೊಳೆದುಕೊಳ್ಳಲೆಂದು, ಇದೇ ನಮ್ಮ ಸೈಟು, ಹದಿನೆಂಟನೇ ನಂಬರು, ನೋಡಪ್ಪ ಹೇಗಿದೆ ಎಂದು ಮೊದಲ ಬಾರಿಗೆ ತಾನಾಗಿ ತೋರಿಸಿದ.

ಪ್ರಬುದ್ಧ ಮೊಬೈಲಿನಲ್ಲಿ ಆಟ ಮುಚ್ಚಿ ಬಡಾವಣೆಯ ನಕ್ಷೆ ತೆಗೆದ. ರಸ್ತೆ ನೋಡಿದ, ಹೆಜ್ಜೆ ಹಾಕಿ ನೋಡಿದ, ಹೇಳಲೋ ಬೇಡವೋ ಎಂಬಂತೆ ಕೆಮ್ಮಿದ.

"ಕಾಕಾ, ನೀವು ನಿಂತಿದ್ದು ಹತ್ತೊಂಬತ್ತು. ಹದಿನೆಂಟು ಆ ಮೂಲಿದು."

ಅಂಚಿನಿಂದ ಎರಡನೆಯದು ಎಂದು ಕರಿಸಿದ್ದಪ್ಪ ಹಟ ಹಿಡಿದ. ಎರಡನೆಯದು ನಿಜ, ಆದರೆ ಅಂಚಿನ ಮೊದಲನೆಯದು ಬಲಗಡೆಯ ಹೊಸ ಡಾಂಬರು ರಸ್ತೆಗೆ ಹೋಗಿದೆ, ಅದಕ್ಕೇ ನಿಮ್ಮದು ಈಗ ಮೂಲೆ ಸೈಟು, ಈ ಸಾಲಿನಲ್ಲಿ ಅದಕ್ಕಿರುವ ಬೆಲೆ ಬೇರೆ ಯಾವುದಕ್ಕೂ ಇಲ್ಲ ಎಂದು ಪ್ರಬುದ್ಧ ಬಿಡಿಸಿ ಹೇಳಿದ. ಕರಿಸಿದ್ದಪ್ಪನ ಕೈಯಲ್ಲಿದ್ದ ರೊಟ್ಟಿಯ ತುಣುಕು ಬಾಯಿಗೂ ಹೋಗಲಿಲ್ಲ, ತಟ್ಟೆಗೂ ಬರಲಿಲ್ಲ.

ಎಲ್ಲರೂ ಮೂಲೆಯ ಕಡೆಗೆ ತಿರುಗಿದರು. ಅಲ್ಲಿ ಸುತ್ತಲೂ ಕಲ್ಲು ನಿಂತಿತ್ತು, ಬುಡದಲ್ಲಿ ಕಾಂಕ್ರೀಟು ಗಟ್ಟಿಯಾಗುತ್ತಿತ್ತು. ಗುರುಬಸವರಾಜ ಹಾರೆಯನ್ನು ತೊಳೆಸಿ, ಎರಡೂ ಕೈಯಲ್ಲಿ ತಂದು ಕರಿಸಿದ್ದಪ್ಪನ ಮುಂದಿಟ್ಟ.

"ನನಗೂ ಮೊದ್ಲು ಗಾಬರಿ ಆತು ಯಜಮಾನ್ರೇ, ನನ್ನ ಸೈಟಲ್ಲಿ ಯಾರೋ ಕಟ್ತಾ ಅದಾರಲ್ಲ ಅಂತ," ಎಂದ. "ಆಮೇಲೆ ನೀವೇ ಮೂಲೇದು ನಂದಲ್ಲ ಅಂದ್ರಿ. ದೊಡ್ಡೋರು ಅದಲುಬದಲಿಗೆ ಒಪ್ಪಿದ ಮೇಲೆ ನಾನ್ಯಾಕೆ ಬ್ಯಾಡ ಅನ್ಲಿ? ವೀಡಿಯೊ ಐತಿ. ನಾಳೆ ರಿಜಿಸ್ಟರ್ ಮಾಡಿಸ್ಕೊಳ್ಳಾಣ. ಬ್ಯಾಡ ಅಂದ್ರೆ ನಿಮ್ಮ ಕಲ್ಲು ನೀವು ಕೀಳಿ, ನನ್ನ ಕಲ್ಲು ನಾನು ಕೀಳ್ತೀನಿ."

ಕರಿಸಿದ್ದಪ್ಪ ರಾಮಣ್ಣನನ್ನು ನೋಡಿದ. ರಾಮಣ್ಣ ನೆಲ ನೋಡುತ್ತ, ನಿಲ್ಲಿಸಿದ್ದಕ್ಕಿಂತ ಕೀಳುವುದಕ್ಕೆ ಹೆಚ್ಚು ಆಳು ಬೇಕು, ಅದರಲ್ಲೂ ಅರ್ಧ ಕಲ್ಲು ಒಡೆಯುತ್ತವೆ, ಎರಡೂ ಸೈಟಿನವನ್ನು ನಿಲ್ಲಿಸಿದ ರೀತಿ ಒಂದೇ ಎಂದ.

ಅಷ್ಟರಲ್ಲಿ ಆಟೋ ಬಂದು ನಿಂತಿತು. ಹಂಪಕ್ಕ ಇಳಿದಳು. ಕೈಯಲ್ಲಿ ತೆಂಗಿನಕಾಯಿ, ಊದುಕಡ್ಡಿ. ಹೊಸ ಕೋಣೆಯ ಸುತ್ತ ಒಂದು ಸುತ್ತು ಬಂದಳು, ಒಂದು ಚಪ್ಪಡಿಯನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿದಳು. ಅದು ಕದಲಲಿಲ್ಲ. ಬಾಗಿಲ ಮುಂದೆ ಕಾಯಿ ಒಡೆದು, ಕೈಯಲ್ಲಿ ರೊಟ್ಟಿ ಹಿಡಿದು ಕಲ್ಲಿನಂತೆ ಕೂತಿದ್ದ ಕರಿಸಿದ್ದಪ್ಪನ ಹಣೆಗೆ ಕುಂಕುಮ ಹಚ್ಚಿದಳು.

"ಇನ್ನ ಚಿಂತಿ ಬಿಡು ಕರಿಯಣ್ಣ," ಎಂದಳು. "ಯಾರು ತಲಿ ಕೆಳಗ ಮಾಡಿ ನಿಂತ್ರೂ ನಿನ್ನ ಈ ಜಾಗದಿಂದ ಅಲ್ಲಾಡಿಸಾಕ ಆಗಂಗಿಲ್ಲ."