ದನದ ಡಾಕ್ಟರ ಮನೆಯ ಬಾಡಿಗೆದಾರ

ಬೆಂಗಳೂರು ಬಿಟ್ಟು ಮಂಡ್ಯಕ್ಕೆ ಯಾಕೆ ಬಂದಿರಿ ಎಂದು ಕೇಳಿದವರಿಗೆಲ್ಲ ನಾನು ಒಂದೇ ಉತ್ತರ ಕೊಡುತ್ತೇನೆ: ಒಳ್ಳೆಯ ಗಾಳಿ, ನೆಮ್ಮದಿ, ಮನೆಯಿಂದ ಆಫೀಸಿಗೆ ಐದೇ ನಿಮಿಷ. ಪೂರ್ತಿ ಸುಳ್ಳೇನಲ್ಲ, ಮುಂದೆ ಕಬ್ಬಿನ ಲಾರಿ ಇಲ್ಲದ ದಿನ ಐದೇ ನಿಮಿಷ. ಆದರೆ ನಿಜವಾದ ಕಾರಣ ನಿಮಗೆ ಮಾತ್ರ ಹೇಳುತ್ತೇನೆ. ನಾಲ್ಕು ಜನ ನನ್ನನ್ನು ಹೆಸರು ಹಿಡಿದು ಗುರುತಿಸಬೇಕೆಂಬ ಆಸೆ ನನಗಿತ್ತು. ಬೆಂಗಳೂರಿನಲ್ಲಿ ಎದುರು ಫ್ಲಾಟಿನವರು ಹನ್ನೊಂದು ವರ್ಷವೂ ನನ್ನನ್ನು ನೀರಿನ ಕ್ಯಾನ್ ಹಾಕುವವನೆಂದೇ ನಂಬಿದ್ದರು. ಮನೆ ಖಾಲಿ ಮಾಡುವ ದಿನವೂ ಬಾಗಿಲಲ್ಲಿ ನಿಂತು, "ನಾಳೆ ಎರಡು ಕ್ಯಾನ್ ಜಾಸ್ತಿ ಹಾಕಿಬಿಡಿ" ಎಂದರು. ಅಷ್ಟು ದೊಡ್ಡ ಊರಿನಲ್ಲಿ ಯಾರೂ ಅಲ್ಲದವನು ಇಷ್ಟು ಸಣ್ಣ ಊರಿಗೆ ಬಂದರೆ ತಾನಾಗಿಯೇ ಯಾರಾದರೂ ಆಗುತ್ತಾನೆ ಎಂದುಕೊಂಡೆ. ಹಾಳೂರಿಗೆ ಉಳಿದವನೇ ಗೌಡ ಅನ್ನುತ್ತಾರಲ್ಲ! ಮಂಡ್ಯ ಹಾಳೂರಲ್ಲ, ಇಲ್ಲಿ ಗೌಡರಿಗೆ ಬರವೂ ಇಲ್ಲ ಎಂಬುದು ಆಗ ಹೊಳೆಯಲಿಲ್ಲ.

ಲಾರಿಯಿಂದ ಬೀರು ಇಳಿಯುವಷ್ಟರಲ್ಲೇ ಎದುರು ಮನೆಯ ಪುಟ್ಟಮ್ಮ ವಿಚಾರಣೆಗೆ ಹಾಜರಾದರು. ಯಾವ ಊರು, ಯಾವ ಕೆಲಸ, ಮೇಲ್ಸಂಪಾದನೆ ಉಂಟೋ ಇಲ್ಲವೋ, ಒಂದೇ ಮಗುವಿಗೆ ಯಾಕೆ ನಿಲ್ಲಿಸಿದಿರಿ, ಮಂಡಿನೋವು ಎಡಗಾಲಿಗೋ ಬಲಗಾಲಿಗೋ. ಹೆಂಡತಿ ಸುಮಿತ್ರೆಗೂ ತಿಳಿಯದ ಒಂದೆರಡು ಸಂಗತಿ ನನ್ನ ಬಾಯಿಂದ ಹೊರಬಿದ್ದವು. ಎಲ್ಲ ಕೇಳಿದ ಪುಟ್ಟಮ್ಮ ನನ್ನ ಹೆಸರೊಂದನ್ನು ಮಾತ್ರ ಕೇಳಲಿಲ್ಲ. ಬೀದಿಗೆ ತಿರುಗಿ, "ದನದ್ ಡಾಕ್ಟ್ರ ಮನೆಗೆ ಒಸಬ್ರು ಬಂದವ್ರೆ ಕಣಕ್ಕ!" ಎಂದು ಕೂಗಿದರು. ಅಲ್ಲಿಗೆ ನಮ್ಮ ನಾಮಕರಣ ಮುಗಿಯಿತು.

ಆ ಮನೆಯಲ್ಲಿ ಹಿಂದೆ ಪಶುವೈದ್ಯರೊಬ್ಬರು ಬಾಡಿಗೆಗಿದ್ದರಂತೆ. ಅವರಿಗೆ ಮಳವಳ್ಳಿಗೆ ವರ್ಗವಾಗಿ ನಾಲ್ಕು ವರ್ಷ ಕಳೆದಿತ್ತು. ಅದು ಸರ್ಕಾರಕ್ಕೆ ಗೊತ್ತು, ಮಳವಳ್ಳಿಯ ದನಗಳಿಗೂ ಗೊತ್ತು. ನಮ್ಮ ಬೀದಿ ಮಾತ್ರ ಒಪ್ಪಿಕೊಂಡಿರಲಿಲ್ಲ. ಈ ಊರಿನಲ್ಲಿ ಮನೆ ನಂಬರು, ಕ್ರಾಸು ಎಲ್ಲ ಇರುವುದು ಕರೆಂಟು ಬಿಲ್ಲಿನ ಶೋಭೆಗೆ. ಮನೆಯನ್ನು ಒಮ್ಮೆ ಯಾರ ಹೆಸರಿನಿಂದ ಕರೆದರೋ ಮುಗಿಯಿತು, ಆಮೇಲೆ ಅಲ್ಲಿ ದೇವೇಂದ್ರನೇ ಬಂದು ಬಾಡಿಗೆಗಿದ್ದರೂ ಬದಲಾಗುವುದಿಲ್ಲ. ಹಾಲಿನವನು, ಗ್ಯಾಸಿನವನು, ಮದುವೆ ಕರೆಯಲು ಬಂದವರು, ಎಲ್ಲರಿಗೂ ನಾವು ದನದ ಡಾಕ್ಟರ ಮನೆಯವರು. ವಾರಕ್ಕೆರಡು ಸಲ ಬೆಳಗ್ಗೆ ಬಾಗಿಲು ತೆರೆದರೆ ಗೇಟಿನಲ್ಲಿ ಎಮ್ಮೆ. ಡಾಕ್ಟರು ಇಲ್ಲಿಲ್ಲ ಎಂದರೆ, "ಅಂತಾ ಒಳ್ಳೆ ಮನುಸನ್ನ ಓಡ್ಸ್‌ಬುಟ್ಟು ನೀನ್ ಸೇರ್ಕಂಡಿದ್ದೀಯಾ?" ಎಂಬಂತೆ ಎಮ್ಮೆ ತಂದವರು ನೋಡುತ್ತಿದ್ದರು. ನಾನು ಮನೆ ಓನರಿಂದ ಡಾಕ್ಟರ ಫೋನ್ ನಂಬರು ಪಡೆದು, ಬಂದವರಿಗೆ ಕೊಟ್ಟು ಕಳಿಸುವ ಗುಮಾಸ್ತೆ ಕೆಲಸ ಶುರುಮಾಡಿದೆ.

ಕೊನೆಗೆ ಸ್ವಾಭಿಮಾನ ಕೆರಳಿ ಕಪ್ಪು ಗ್ರಾನೈಟಿನಲ್ಲಿ ನಾಮಫಲಕ ಮಾಡಿಸಲು ಹೊರಟೆ. ಮದ್ದೂರಿನಲ್ಲಿ ಇರ್ಫಾನ್ ಎಂಬವರು ಅಕ್ಷರ ಕೆತ್ತುವುದರಲ್ಲಿ ಎತ್ತಿದ ಕೈ. 'ಎಸ್. ಎನ್. ಪದ್ಮನಾಭ' ಎಂದು ಬಸ್ಸಿನಲ್ಲಿ ಕೂತವರಿಗೂ ಕಾಣಬೇಕು ಎಂದೆ. ಕೆತ್ತಿ, ತಾವೇ ಬಂದು ಕೂರಿಸಿಕೊಡುವುದಾಗಿ ಹೇಳಿದರು. ಹೇಳಿದ ಭಾನುವಾರ ಬಂದರೂ ಬಂದರು, ಆದರೆ ಮನೆ ಸಿಗಲಿಲ್ಲ. ನಾನು ಫೋನಿನಲ್ಲಿ ನಂಬರು ಹೇಳಿದೆ, ಕ್ರಾಸು ಹೇಳಿದೆ. ಮುಕ್ಕಾಲು ಗಂಟೆ ಕಳೆದ ಮೇಲೆ ಅವರೇ ಮತ್ತೆ ಫೋನ್ ಮಾಡಿ, "ಸಾ, ಕಲ್ಲನ್ನೇ ಮನೆಮನೆಗೂ ತೋರಿಸ್ಕಂಡ್ ಬಂದೆ. ಈ ಎಸ್ರಿನೋರು ಯಾರೂ ಇಲ್ವಂತಲ್ಲ ಸಾ!" ಎಂದರು. ನನ್ನ ಹೆಸರು ಬೀದಿಯಲ್ಲೆಲ್ಲ ಮೆರವಣಿಗೆ ಹೋಗಿ ತಿರಸ್ಕೃತವಾಗಿತ್ತು. ಬಾಗಿಲು ಮುಚ್ಚಿ, ಸುಮಿತ್ರೆಗೆ ಕೇಳಿಸದಂತೆ ಹೇಳಿದೆ: "ದನದ ಡಾಕ್ಟ್ರ ಮನೆ ಕಣ್ರೀ." ಎರಡು ನಿಮಿಷಕ್ಕೆ ಗೇಟಿನಲ್ಲಿದ್ದರು. "ಮೊದ್ಲೇ ಯೋಳ್ಬಾರ್ದಾ ಸಾ? ನಮ್ ಮೇಕೆ ಇಡ್ಕಂಡ್ ಎಸ್ಟ್ ಸಲ ಬಂದಿವ್ನಿ ಇಲ್ಲಿಗೆ!" ಸುಮಿತ್ರೆ ಕಾಫಿ ಕೊಡುತ್ತಾ, "ಕೆಳಗೆ ಸಣ್ಣಕ್ಷರದಲ್ಲಿ ಅದನ್ನೂ ಕೆತ್ತಿಬಿಡಿ" ಎಂದಳು.

ಫಲಕ ಕೂತು ತಿಂಗಳಾದರೂ ಒಬ್ಬರೂ ಅದರತ್ತ ಕಣ್ಣೆತ್ತಲಿಲ್ಲ. ಪುಟ್ಟಮ್ಮನವರು ಮಾತ್ರ ಅದರ ಮೇಲಂಚಿಗೆ ಒದ್ದೆ ಟವಲು ಒಣಹಾಕಬಹುದೇ ಎಂದು ಕೇಳಿದರು. ಹೀಗಿರುವಾಗ ಒಂದು ಬೆಳಗ್ಗೆ, ನಾನು ಇಸ್ತ್ರಿ ಮಾಡಿದ ಪ್ಯಾಂಟು ಹಾಕಿ ಆಫೀಸಿಗೆ ಹೊರಟಿದ್ದಾಗ, ಗೂಡ್ಸ್ ಆಟೋ ಬಂದು ನಿಂತಿತು. ಯಲಿಯೂರಿನ ನಿಂಗಣ್ಣ ಎಂಬ ರೈತ ಹೊಟ್ಟೆ ಉಬ್ಬರಿಸಿದ ಹೋರಿಗರುವನ್ನು ಕೆಳಗಿಳಿಸಿ, "ಉಸ್ರು ಕಟ್ತಾದೆ ಸಾ, ಏನಾರಾ ಮಾಡಿ" ಎಂದು ಅಳುವುದಕ್ಕೇ ಶುರುಮಾಡಿದ. ಡಾಕ್ಟರು ಇಲ್ಲ ಎಂದು ಹೇಳಿ ಕಳಿಸಲು ಮನಸ್ಸಾಗಲಿಲ್ಲ. ಮಳವಳ್ಳಿಗೆ ಫೋನ್ ಮಾಡಿದೆ. ಡಾಕ್ಟರು, "ಮಂಡ್ಯದಲ್ಲಿರೋ ನಮ್ಮವರೊಬ್ಬರನ್ನು ಕಳಿಸ್ತೀನಿ. ಅಲ್ಲಿವರೆಗೆ ಮಲಗೋಕೆ ಬಿಡಬೇಡಿ. ಮುಂಗಾಲು ಎತ್ತರದಲ್ಲಿರಲಿ, ಹೊಟ್ಟೆ ಎಡಗಡೆ ನೀವ್ತಾ ಇರಿ" ಎಂದರು. ಎತ್ತರ ಎಂದರೆ ನಮ್ಮ ಮನೆಯ ಮೆಟ್ಟಿಲು.

ಅರ್ಧ ಗಂಟೆ ನಾನು ಆ ಕರುವನ್ನು ತಬ್ಬಿಕೊಂಡು ನಿಂತಿದ್ದೆ. ಅದು ಕಣ್ಣು ಮೇಲಕ್ಕೆ ಮಾಡಿದಾಗಲೆಲ್ಲ ಇನ್ನಷ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದೆ. ಸಾಯಬೇಡವೋ ಮಹಾರಾಯ ಎಂದು ನಿಜವಾಗಿಯೂ ಬೇಡಿಕೊಂಡೆ. ಡಾಕ್ಟರು ಕಳಿಸಿದವರು ಬಂದು ಗಂಟಲಿಗೆ ಕೊಳವೆ ಇಳಿಸಿದರು. ಉಬ್ಬರ ಇಳಿಯಿತು, ಅದರ ಜೊತೆ ಕರುವಿನ ಹೊಟ್ಟೆಯಲ್ಲಿದ್ದುದೂ ಒಂದಷ್ಟು ನನ್ನ ಪ್ಯಾಂಟಿನ ಮೇಲೆ ಇಳಿಯಿತು. ನಿಂಗಣ್ಣ ನನ್ನ ಎರಡೂ ಕೈ ಹಿಡಿದುಕೊಂಡು, "ನಿಮ್ ಎಸ್ರೇನ್ ಸಾ?" ಎಂದ. ಮಂಡ್ಯಕ್ಕೆ ಬಂದ ಒಂದೂವರೆ ವರ್ಷದಲ್ಲಿ ಆ ಪ್ರಶ್ನೆ ಕೇಳಿದ್ದು ಅದೇ ಮೊದಲು! ಫಲಕದತ್ತ ಕೈ ತೋರಿಸಿದೆ. "ಓ, ಅದು ನೀವೇಯಾ? ಮನೆ ಓನರ್ದು ಅನ್ಕಂಡೆ" ಎಂದ ನಿಂಗಣ್ಣ, ಹೆಸರನ್ನು ಎರಡು ಸಲ ಬಾಯಲ್ಲಿ ಹೇಳಿಕೊಂಡು ಆಟೋ ಹತ್ತಿದ.

ಎರಡು ತಿಂಗಳ ಮೇಲೆ, "ಒಂದ್ ಕಿತ ಊಟುಕ್ ಬರ್ಲೇಬೇಕು" ಎಂದು ಅವನು ಬಲವಂತ ಮಾಡಿದ್ದಕ್ಕೆ ಯಲಿಯೂರಿಗೆ ಹೋದೆ. ಅಲ್ಲಿ ನನ್ನ ಹೆಸರು ಗೊತ್ತಿಲ್ಲದವರೇ ಇರಲಿಲ್ಲ. ಅಂಗಡಿಯಲ್ಲಿ ಕೂತವರು ನಾನು ಪದ್ಮನಾಭ ಎಂದ ಕೂಡಲೇ ಮುಖ ಮುಖ ನೋಡಿಕೊಂಡು ನಕ್ಕು ದಾರಿ ತೋರಿಸಿದರು. ಆಹಾ, ಬಂದದ್ದು ಸಾರ್ಥಕವಾಯಿತು ಎಂದು ಎದೆಯುಬ್ಬಿಸಿ ಗದ್ದೆಯ ಬದುವಿನ ಮೇಲೆ ನಡೆಯುತ್ತಿದ್ದೆ. ಅಷ್ಟರಲ್ಲಿ ಹಟ್ಟಿಯ ಕಡೆಯಿಂದ ನಿಂಗಣ್ಣನ ತಾಯಿ ಕೋಲು ಎತ್ತಿಕೊಂಡು ಕೂಗಿದರು: "ಲೇ ಪದ್ಮನಾಬ, ಪೈರ್ ತುಳೀಬ್ಯಾಡ, ಇಳೀಲಾ ಕೆಳಿಕೆ!"

ನಾನು ಗಾಬರಿಯಿಂದ ಬದು ಬಿಟ್ಟು ಪಕ್ಕದ ಕಾಲುವೆಗೆ ಇಳಿದೆ. ನನ್ನ ಹಿಂದೆ ಮೇಯುತ್ತಿದ್ದ, ಅಂದು ನಾನು ತಬ್ಬಿ ನಿಂತಿದ್ದ ಅದೇ ಹೋರಿಗರು ತಲೆಯೆತ್ತಿ ಅಜ್ಜಿಯನ್ನು ಒಮ್ಮೆ ನೋಡಿ ಮತ್ತೆ ಪೈರಿಗೆ ಬಾಯಿ ಹಾಕಿತು. ಇಬ್ಬರು ಪದ್ಮನಾಭರಲ್ಲಿ ಆ ಊರಿನಲ್ಲಿ ಯಾರ ನೆಲೆ ಗಟ್ಟಿ ಎಂಬುದು ನನಗೆ ಅಲ್ಲೇ ತಿಳಿಯಿತು.