ಎಡಗಾಲಿಗೆ ಕೆಲಸವಿಲ್ಲದ ಗಾಡಿ

ನಮ್ಮ ಮನೆಯಲ್ಲಿ ಮೊಟ್ಟೆ ಯಾವಾಗ ಇಡಬೇಕು ಎಂಬುದನ್ನು ಕೋಳಿಗಳು ತೀರ್ಮಾನಿಸುತ್ತವೆ. ಇಟ್ಟ ಮೊಟ್ಟೆ ಯಾವ ಅಂಗಡಿಗೆ, ಯಾವ ಬೇಕರಿಗೆ ಹೋಗಬೇಕು ಎಂಬುದನ್ನು ನನ್ನ ಹೆಂಡತಿ ತೀರ್ಮಾನಿಸುತ್ತಾಳೆ. ಆದರೆ ಆ ಮೊಟ್ಟೆ ಎಂಥ ಗಾಡಿಯಲ್ಲಿ ಹೋಗಬೇಕು ಎಂಬುದನ್ನು ಮಾತ್ರ ನಾನೇ ತೀರ್ಮಾನಿಸತಕ್ಕದ್ದು, ಅದರಲ್ಲಿ ಕೋಳಿಯಾಗಲಿ ಹೆಂಡತಿಯಾಗಲಿ ತಲೆ ಹಾಕತಕ್ಕದ್ದಲ್ಲ ಎಂದು ಒಂದು ಬೆಳಿಗ್ಗೆ ಕನ್ನಡಿಯ ಮುಂದೆ, ಅರ್ಧ ಮುಖಕ್ಕೆ ಸೋಪು ಹಚ್ಚಿಕೊಂಡು ಘೋಷಿಸಿದೆ. ಕೇಳಿಸಿಕೊಂಡದ್ದು ಕನ್ನಡಿ ಒಂದೇ. ಅದು ಒಪ್ಪಿತು.

ಘೋಷಣೆಗೆ ಕಾರಣವಿತ್ತು. ನಮ್ಮ ಹಳೆಯ ಪಿಕಪ್ಪು ಹಿಂದಿನ ದಿನ ನಡುರಸ್ತೆಯಲ್ಲಿ ಕೆಮ್ಮಿ, ಹೊಗೆ ಉಗುಳಿ, ಸುಮ್ಮನಾಗಿತ್ತು. ಮೆಕ್ಯಾನಿಕ್ ಬಂದು ಬಾನೆಟ್ ಎತ್ತಿ ನೋಡಿದ. ಮತ್ತೆ ಮೆಲ್ಲಗೆ ಇಳಿಸಿ, ತಲೆಯ ಮೇಲಿನ ಟೋಪಿ ತೆಗೆದ. ಅಷ್ಟರಲ್ಲೇ ನನಗೆ ಅರ್ಥವಾಯಿತು.

ಹೊಸ ಗಾಡಿ ಬೇಕೆಂಬುದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಭಿನ್ನಾಭಿಪ್ರಾಯ ಶುರುವಾದದ್ದು ಅವಳು ಟ್ರೇಯಲ್ಲಿ ಮೊಟ್ಟೆ ಜೋಡಿಸುತ್ತ, ತಲೆಯೂ ಎತ್ತದೆ ಆಡಿದ ಮಾತಿನಿಂದ.

"ರೀ, ಈ ಸಲ ಆಟೊಮ್ಯಾಟಿಕ್ ತಗೊಳ್ಳೋಣ. ಕ್ಲಚ್ ಇಲ್ಲ, ಗೇರು ತಾನೇ ಬದಲಾಯಿಸಿಕೊಳ್ಳುತ್ತಂತೆ."

ನಾನು ಅವಳಿಗೆ ಗೇರಿನ ಮಹಿಮೆಯನ್ನು ವಿಸ್ತಾರವಾಗಿ ತಿಳಿಸಿಕೊಟ್ಟೆ. ಗೇರು ಬದಲಾಯಿಸದೆ ಗಾಡಿ ಓಡಿಸುವುದೆಂದರೆ ಅಗಿಯದೆ ಅನ್ನ ನುಂಗಿದ ಹಾಗೆ. ಇಂಜಿನ್ನು ಏರಿನಲ್ಲಿ ನರಳಿದಾಗ ಅದರ ಕಷ್ಟ ಕಿವಿಗೆ ಬೀಳಬೇಕು, ಕಾಲಿಗೆ ತಿಳಿಯಬೇಕು, ಕೈ ತಾನಾಗಿ ಹೋಗಿ ಗೇರು ಇಳಿಸಿ ಅದನ್ನು ಸಮಾಧಾನ ಮಾಡಬೇಕು. ಇದು ಯಂತ್ರಕ್ಕೂ ಮನುಷ್ಯನಿಗೂ ಇರುವ ಸಂಬಂಧ. ಇಷ್ಟು ಹೇಳುವ ಹೊತ್ತಿಗೆ ನನ್ನ ಕಣ್ಣೇ ಸ್ವಲ್ಪ ಒದ್ದೆಯಾಗಿತ್ತು. ಅವಳು ಇನ್ನೊಂದು ಟ್ರೇ ಎತ್ತಿಕೊಂಡಳು.

"ಆಟೊಮ್ಯಾಟಿಕ್ ಆದರೆ ನಾನೂ ಓಡಿಸಬಹುದು," ಎಂದಳು.

ನೋಡಿ, ಪೆಟ್ಟು ಬಿದ್ದದ್ದು ಇಲ್ಲಿ. ಅವಳ ಮುಂದೆ ಹೇಳದೆ ಹೋದ ಸತ್ಯವನ್ನು ನಿಮ್ಮ ಮುಂದೆ ಹೇಳುತ್ತೇನೆ. ಕೋಳಿಗೆ ಮೇವು ಹಾಕುವವಳು ಅವಳು, ಅಂಗಡಿಯವರೊಡನೆ ಮಾತಾಡುವವಳು ಅವಳು, ಯಾವ ಕೋಳಿ ಸಪ್ಪಗಿದೆ ಎಂದು ದೂರದಿಂದಲೇ ಗುರುತಿಸುವವಳೂ ಅವಳೇ. ಈ ಸಂಸಾರದಲ್ಲಿ ನನ್ನ ಪಾಲಿಗೆ ಉಳಿದಿದ್ದ ಅಧಿಕಾರವೆಂದರೆ ಆ ಗೇರ್ ರಾಡೊಂದೇ. ನಮ್ಮಿಬ್ಬರಿಗೂ ಮಾತು ಬಿಟ್ಟುಹೋದಾಗಲೆಲ್ಲ ನಾನು ಗಾಡಿಯ ಕೀಲಿಯನ್ನು ಬೆರಳಿಗೆ ಸಿಕ್ಕಿಸಿಕೊಂಡು ಅಂಗಳದಲ್ಲಿ ಗಂಭೀರವಾಗಿ ಶತಪಥ ಹಾಕುತ್ತಿದ್ದೆ. ಹೊತ್ತೇರುತ್ತ ಬಂದ ಹಾಗೆ ಅವಳೇ ಬಾಗಿಲಿಗೆ ಬಂದು, "ರೀ, ಬೇಕರಿಗೆ ಹೊತ್ತಾಯ್ತು," ಅನ್ನಲೇಬೇಕು. ಮೊದಲು ಮಾತಾಡಿದವರು ಸೋತ ಹಾಗೆ. ಮದುವೆಯಾದಾಗಿನಿಂದ ನಾನು ಗೆದ್ದ ಜಗಳಗಳೆಲ್ಲವೂ ಹೀಗೆ ಗೆದ್ದವೇ. ಅವಳೇ ಓಡಿಸಿಕೊಂಡು ಹೋಗುವ ಹಾಗಾದರೆ ನನ್ನ ಗತಿ?

ಹಾಗೆಂದು ಅವಳಿಗೆ ಡ್ರೈವಿಂಗ್ ಬರುವುದಿಲ್ಲವೆಂದಲ್ಲ. ಲೈಸೆನ್ಸು ಎಂದೋ ಬಂದಿತ್ತು. ಹಳೆಯ ಪಿಕಪ್ಪಿನಲ್ಲಿ ಅವಳನ್ನು ಕೂರಿಸಿ, ಪಕ್ಕದಲ್ಲಿ ಕೂತು, ಒಳ್ಳೆಯ ಮನಸ್ಸಿನಿಂದಲೇ ನಾನು ಕಲಿಸಲು ಹೊರಟಿದ್ದೆ. ನೀರಿನ ಟ್ಯಾಂಕಿನ ಹತ್ತಿರದ ಏರಿನಲ್ಲಿ, ನನ್ನ ಉಪದೇಶ ಇನ್ನೂ ಪೀಠಿಕೆಯಲ್ಲಿರುವಾಗಲೇ ಅವಳು ಹ್ಯಾಂಡ್ ಬ್ರೇಕ್ ಎಳೆದು, ಇಳಿದು, ಮನೆಗೆ ನಡೆದುಕೊಂಡು ಹೋಗಿಬಿಟ್ಟಳು. ಆಮೇಲೆ ಆ ಸೀಟಿನಲ್ಲಿ ಕೂರಲಿಲ್ಲ. ವಿದ್ಯೆ ಎಲ್ಲರಿಗೂ ಒಲಿಯುವುದಿಲ್ಲ ಎಂದು ನಾನು ಸಮಾಧಾನ ಪಟ್ಟುಕೊಂಡಿದ್ದೆ.

ಆಯಿತು, ಷೋರೂಮಿಗೆ ಹೋದೆವು. ಒಳಗೆ ಹಿಂದೆಯೂ ಒಂದು ಸಾಲು ಸೀಟಿದ್ದ, ಒಂದೇ ಬಣ್ಣದ ಎರಡು ಪಿಕಪ್ಪುಗಳು ಅವಳಿ ಮಕ್ಕಳ ಹಾಗೆ ಅಕ್ಕಪಕ್ಕ ನಿಂತಿದ್ದವು. ಒಂದರಲ್ಲಿ ಕಾಲ ಬಳಿ ಮೂರು ಪೆಡಲು, ಇನ್ನೊಂದರಲ್ಲಿ ಎರಡು. ಉದ್ದನೆಯ ಟೈ ಕಟ್ಟಿದ್ದ ಮಾರಾಟಗಾರರೊಬ್ಬರು ನಮ್ಮನ್ನು ಎದುರುಗೊಂಡರು. ಟೈ ಸಾಹೇಬರು ಎನ್ನೋಣ. ಅವರು ಎರಡರ ಗುಣಗಳನ್ನೂ ಒಂದೇ ಭಕ್ತಿಯಿಂದ ಹೇಳಿದರು. ಮ್ಯಾನುಯಲ್ ಆದರೆ ರಿಪೇರಿ ಸುಲಭ, ಭಾರಕ್ಕೆ ತಕ್ಕಂತೆ ಗೇರು ನಮ್ಮ ಕೈಯಲ್ಲೇ. ಆಟೊಮ್ಯಾಟಿಕ್ ಆದರೆ ಕಾಲಿಗೆ ವಿಶ್ರಾಂತಿ, ಕುಲುಕಾಟ ಕಡಿಮೆ. ನಾನು ಮೊದಲನೆಯದಕ್ಕೆಲ್ಲ ಜೋರಾಗಿ ತಲೆಯಾಡಿಸಿದೆ. ಹೆಂಡತಿ, ಏರಿನಲ್ಲಿ ನಿಲ್ಲಿಸಿದರೆ ಹಿಂದಕ್ಕೆ ಜಾರುತ್ತದೆಯೇ ಎಂದು ಒಂದೇ ಒಂದು ಪ್ರಶ್ನೆ ಕೇಳಿದಳು.

ಆಗ ನನಗೊಂದು ಉಪಾಯ ಹೊಳೆಯಿತು. ಇಂಥ ಉಪಾಯ ಹೊಳೆದಾಗ ತಣ್ಣೀರು ಕುಡಿದು ಮಲಗುವುದು ಕ್ಷೇಮ ಎಂದು ಈಗ ಗೊತ್ತಿದೆ. "ಖಾಲಿ ಗಾಡಿಯನ್ನು ಯಾರು ಬೇಕಾದರೂ ಓಡಿಸುತ್ತಾರೆ. ಮೊಟ್ಟೆ ತುಂಬಿ ಓಡಿಸೋಣ, ಯಾವುದು ಗಟ್ಟಿ ಅಂತ ಮೊಟ್ಟೆಯೇ ಹೇಳಲಿ," ಎಂದೆ. ಟೈ ಸಾಹೇಬರು ಒಳಗೆ ಹೋಗಿ ಮೇಲಿನವರನ್ನು ಕೇಳಿಕೊಂಡು ಬಂದು, ಆಗಲಿ ಎಂದರು. ಅವರ ಮುಖದಲ್ಲಿ ಆಗಬಾರದು ಎಂದೇ ಇತ್ತು.

ಮಾರನೆಯ ಬೆಳಿಗ್ಗೆ ಮೊದಲು ಮ್ಯಾನುಯಲ್ ಬಂತು. ಅರ್ಧ ಮೊಟ್ಟೆ ಅದಕ್ಕೆ ತುಂಬಿ ಪೇಟೆಯ ಈ ಕಡೆಯ ಅಂಗಡಿಗಳನ್ನು ಸುತ್ತಿಬಂದೆ. ಏನು ಹೇಳಲಿ! ಕ್ಲಚ್ಚು ಬೆಣ್ಣೆ, ಗೇರು ಜೇನು. ಒಂದು ಮೊಟ್ಟೆಗೂ ಕೂದಲೆಳೆಯ ಬಿರುಕಿಲ್ಲ. ಹೆಂಡತಿಯ ಕಡೆ ನೋಡಿದೆ. "ಚೆನ್ನಾಗಿ ಓಡಿಸ್ತೀರಿ. ನಾನು ಇಲ್ಲ ಅಂದೆನಾ?" ಎಂದಳು. ಅರ್ಧ ಯುದ್ಧ ಗೆದ್ದಾಗಿತ್ತು.

ಇನ್ನರ್ಧ ಮೊಟ್ಟೆ ಆಟೊಮ್ಯಾಟಿಕ್‌ಗೆ ಏರಿತು. ನಾನು ಸ್ಟೀರಿಂಗ್ ಹಿಡಿದೆ, ಟೈ ಸಾಹೇಬರು ಪಕ್ಕದಲ್ಲಿ, ಹೆಂಡತಿ ಹಿಂದಿನ ಸೀಟಿನಲ್ಲಿ. ಟೈ ಸಾಹೇಬರು ವಿನಯದಿಂದ, "ಸಾರ್, ಎರಡೂ ಪೆಡಲಿಗೆ ಬಲಗಾಲೇ ಸಾಕು. ಎಡಗಾಲಿಗೆ ಇದರಲ್ಲಿ ಕೆಲಸ ಇಲ್ಲ. ಅದನ್ನ ಮರೆತುಬಿಡಿ," ಎಂದರು.

ಮರೆಯಲು ನಾನೇನೋ ಸಿದ್ಧನಿದ್ದೆ. ಕಾಲು ಸಿದ್ಧವಿರಬೇಕಲ್ಲ! ಇಷ್ಟು ವರ್ಷ ದುಡಿದ ಕಾಲು ಅದು. ಮೊದಲ ತಿರುವು ಬಂತು, ವೇಗ ತಗ್ಗಿತು, ಕೈ ಗೇರಿಗಾಗಿ ಗಾಳಿಯಲ್ಲಿ ತಡಕಾಡಿತು, ಎಡಗಾಲು ನನ್ನನ್ನು ಒಂದು ಮಾತೂ ಕೇಳದೆ ಎದ್ದು, ಕ್ಲಚ್ಚೆಂದು ತಿಳಿದು, ಅಗಲವಾದ ಬ್ರೇಕ್ ಪೆಡಲನ್ನು ಬುಡದವರೆಗೂ ಒತ್ತಿಬಿಟ್ಟಿತು.

ಗಾಡಿ ನೆಟ್ಟ ಕಂಬದ ಹಾಗೆ ನಿಂತಿತು. ಟೈ ಸಾಹೇಬರ ಟೈ ಹಾರಿ ಅವರದೇ ಹೆಗಲ ಮೇಲೆ ಕೂತಿತು. ಹಿಂದಿನಿಂದ ಸರ್ರೆಂದು ಒಂದು ಸದ್ದು, ಆಮೇಲೆ ಪಚ್ಚೆಂದು ಇನ್ನೊಂದು. ಆ ಎರಡನೆಯ ಸದ್ದನ್ನು ಮೊಟ್ಟೆ ವ್ಯಾಪಾರದವರಿಗೆ ವಿವರಿಸಬೇಕಾಗಿಲ್ಲ.

"ನೋಡಿದಿರಾ, ಇದರ ಬ್ರೇಕೇ ಸರಿಯಿಲ್ಲ," ಎಂದೆ.

ಟೈ ಸಾಹೇಬರು ಟೈಯನ್ನು ಹೆಗಲಿನಿಂದ ಇಳಿಸಿಕೊಂಡರು. "ಸರಿಯಿದೆ ಸಾರ್. ಎಷ್ಟು ಸರಿಯಿದೆ ಅಂತ ನನಗೂ ಇವತ್ತೇ ಗೊತ್ತಾಗಿದ್ದು."

ಮುಂದಿನ ತಿರುವಿನಲ್ಲೂ ಅದೇ ಕಥೆ. ಅದರಾಚೆ ಒಂದು ನಾಯಿ ರಸ್ತೆ ದಾಟುವುದೋ ಬೇಡವೋ ಎಂದು ಯೋಚಿಸುತ್ತಿದ್ದಾಗಲೂ ಅದೇ. ನಾಯಿ ನಮ್ಮ ಅವಸ್ಥೆ ನೋಡಿ, ದಾಟುವ ಯೋಚನೆಯನ್ನೇ ಕೈಬಿಟ್ಟಿತು. ಕಾಲಿಗೆ ಬುದ್ಧಿ ಹೇಳಿದೆ, ಗದರಿಸಿದೆ, ಮೊಣಕಾಲನ್ನು ಕೈಯಲ್ಲಿ ಅದುಮಿ ಹಿಡಿದೆ. ಅದು ಮನೆಯ ಬೇರೆಲ್ಲರ ಹಾಗೆ ನನ್ನ ಮಾತಿಗೆ ಸೊಪ್ಪು ಹಾಕಲಿಲ್ಲ. ನನಗೋ ಒಳಗೊಳಗೇ ಖುಷಿ. ಮೊಟ್ಟೆ ಹೋದರೆ ಹೋಗಲಿ, ವಾದ ಗೆಲ್ಲುತ್ತಿದೆಯಲ್ಲ!

ಹೆಂಡತಿ ಹಿಂದಿನಿಂದ ಇಳಿದು ಬಂದಳು. ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಕುತ್ತಿಗೆಗೆ ಸುತ್ತಿಕೊಂಡಿದ್ದ ಶಾಲನ್ನು ಬಿಚ್ಚಿ, ಬಗ್ಗಿ, ನನ್ನ ಎಡಗಾಲನ್ನು ಸೀಟಿನ ಕೆಳಗಿನ ಕಬ್ಬಿಣದ ಪಟ್ಟಿಗೆ ಬಿಗಿಯಾಗಿ ಕಟ್ಟಿದಳು. ಮೇವಿನ ಚೀಲದ ಬಾಯಿಗೆ ಹಾಕುವ ಗಂಟು ಅದು. ನನಗೆ ಬಿಚ್ಚಲು ಬಂದದ್ದಿಲ್ಲ.

"ಈಗ ಹೊರಡಿ. ಬೇಕರಿಗೆ ಹೊತ್ತಾಯ್ತು," ಎಂದಳು.

ಹೊರಟೆ. ಇಲ್ಲಿಂದ ಮುಂದಿನದನ್ನು ಹೇಳಲು ಸ್ವಲ್ಪ ನಾಚಿಕೆ. ಕಾಲು ಕಟ್ಟಿದ ಮೇಲೆ ಗಾಡಿ ನೀರಿನ ಮೇಲೆ ದೋಣಿ ಹೋದ ಹಾಗೆ ಹೋಯಿತು. ಮಾರುಕಟ್ಟೆಯ ಇಕ್ಕಟ್ಟಿನಲ್ಲಿ, ಹೆಜ್ಜೆಗೊಮ್ಮೆ ನಿಂತು ಹೊರಡುವ ಕಡೆ, ಹಳೆಯ ಗಾಡಿಯಲ್ಲಾದರೆ ನನ್ನ ಸೊಂಟ ಸತ್ತುಹೋಗುತ್ತಿತ್ತು. ಇಲ್ಲಿ ಬಲಪಾದವನ್ನು ಹೀಗೆ ಎತ್ತಿ ಹೀಗೆ ಇಟ್ಟರೆ ಸಾಕು. ಏನೋ ಒಂದು ಹಾಡು ಗಂಟಲಿಗೆ ಬಂತು. ಗುನುಗಿದ್ದು ಹಿಂದಿನ ಸೀಟಿಗೆ ಕೇಳಿಸಿತೇನೋ ಎಂದು ಗಾಬರಿಯಾಗಿ, ಅದನ್ನು ಕೆಮ್ಮಾಗಿ ಬದಲಾಯಿಸಿದೆ. ಇಷ್ಟವಾಯಿತೆಂದು ಗೊತ್ತಾದರೆ ಮುಗಿಯಿತು, ನಾಳೆಯಿಂದ ಕೀಲಿ ಅವಳ ಕೈಗೆ.

ಬೇಕರಿ ಬಂತು. ಈ ದರಿದ್ರದ ಗಾಡಿಯಿಂದ ಇಳಿದರೆ ಸಾಕಪ್ಪ ಎಂಬ ಮುಖ ಮಾಡಿಕೊಂಡು, ಠೀವಿಯಿಂದ ಬಾಗಿಲು ತಳ್ಳಿ ಕೆಳಗೆ ಹಾರಿದೆ. ಹಾರಿದ್ದು ಮುಕ್ಕಾಲು ಪಾಲು ನಾನು. ಎಡಗಾಲು ಸೀಟಿನ ಕೆಳಗೇ ಉಳಿಯಿತು.

ಅಷ್ಟಕ್ಕೇ ಮುಗಿಯಲಿಲ್ಲ. ಗೇರೇ ಇಲ್ಲದ ಗಾಡಿಯಲ್ಲಿ ಗೇರು ತೆಗೆಯುವುದೇನು ಎಂದುಕೊಂಡು, ಹೊರಡುವಾಗ ಟೈ ಸಾಹೇಬರು ಹಾಕಿಕೊಟ್ಟಿದ್ದ ರಾಡನ್ನು ನಾನು ಮುಟ್ಟಿಯೂ ಇರಲಿಲ್ಲ. ಇಂಜಿನ್ನು ಆರಿಸಿರಲೂ ಇಲ್ಲ. ಬ್ರೇಕಿನಿಂದ ಬಲಗಾಲು ಎದ್ದದ್ದೇ ತಡ, ಗಾಡಿ ಮೇಯಲು ಹೊರಟ ಎಮ್ಮೆಯ ಹಾಗೆ, ಯಾವ ಅವಸರವೂ ಇಲ್ಲದೆ, ಬೇಕರಿಯ ಗಾಜಿನ ಬಾಗಿಲ ಕಡೆಗೆ ನಡೆಯತೊಡಗಿತು. ಎರಡು ಕೈಯಲ್ಲೂ ಗಾಡಿಯ ಬಾಗಿಲನ್ನು ತಬ್ಬಿಕೊಂಡು ನಾನು ಪಕ್ಕದಲ್ಲೇ ಒಂಟಿಕಾಲಿನಲ್ಲಿ ಕುಪ್ಪಳಿಸುತ್ತ ಹೋದೆ. ಆಚೆ ಗಾಜಿನ ಹಿಂದೆ ಕೇಕುಗಳು ಅಂತಸ್ತು ಅಂತಸ್ತಾಗಿ ನನ್ನನ್ನೇ ನೋಡುತ್ತಿದ್ದವು. ಟೈ ಸಾಹೇಬರು ಕಣ್ಣು ಮುಚ್ಚಿಕೊಂಡಿದ್ದರು. ಹಿಂದಿನ ಸೀಟಿನಿಂದ ಒಂದು ಕೈ ಮುಂದೆ ಚಾಚಿ ಹ್ಯಾಂಡ್ ಬ್ರೇಕನ್ನು ಎಳೆಯಿತು. ಗಾಜಿಗೂ ಗಾಡಿಗೂ ನಡುವೆ ಒಂದು ಬ್ರೆಡ್ಡು ತೂರುವಷ್ಟು ಜಾಗ ಉಳಿದಿತ್ತು.

ಬೇಕರಿಯ ಯಜಮಾನ ಬಿಸಿ ಬನ್ನಿನ ತಟ್ಟೆ ಹಿಡಿದು ಹೊರಗೆ ಬಂದ. ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಇಳೀತಾ ಇದ್ದೀರೋ, ಹತ್ತುತಾ ಇದ್ದೀರೋ?" ಎಂದು ಕೇಳಿದ. ಆಮೇಲೆ ಹಿಂದೆ ಹೋಗಿ ಮೊಟ್ಟೆ ನೋಡಿದ. "ಅಮ್ಮಾ, ನಾವೂ ಒಡೆಯೋದೇ. ಆದರೆ ಒಳಗೆ, ಪಾತ್ರೆಯಲ್ಲಿ ಒಡೀತೀವಿ."

ಹೆಂಡತಿ ಗಂಟು ಬಿಚ್ಚಿದಳು. ಬಕೆಟ್ಟು ತರಿಸಿ ಒಡೆದದ್ದನ್ನು ಬೇರೆ ಮಾಡಿ, ನೆಟ್ಟಗಿದ್ದ ಟ್ರೇಗಳನ್ನು ಎಣಿಸಿ ಕೊಟ್ಟಳು. ನಂತರ ಯಾರನ್ನೂ ಕೇಳದೆ ಸ್ಟೀರಿಂಗ್ ಮುಂದೆ ಕೂತಳು. ಟೈ ಸಾಹೇಬರು ನಾನು ಹೇಳುವ ಮೊದಲೇ ಹಿಂದಿನ ಸೀಟಿಗೆ ಹೋದರು. ನಾನು ಅವಳ ಪಕ್ಕದಲ್ಲಿ ಕೂತೆ.

ಗಾಡಿ ಹೊರಟಿತು. ಅಭ್ಯಾಸ ಬಲ, ಉಪದೇಶಕ್ಕೆಂದು ಬಾಯಿ ತೆರೆದೆ. ಕ್ಲಚ್ ಬಿಡು ಎನ್ನೋಣವೆಂದರೆ ಕ್ಲಚ್ಚಿಲ್ಲ. ಗೇರು ಇಳಿಸು ಎನ್ನೋಣವೆಂದರೆ ಅದಾಗಲೇ ಇಳಿದಿದೆ. ಬಾಯಿ ಮುಚ್ಚಿದೆ. ಎರಡು ಬೀದಿ ದಾಟುವಷ್ಟರಲ್ಲಿ ಹೀಗೆ ಎಷ್ಟು ಸಲ ತೆರೆದು ಮುಚ್ಚಿದೆನೋ, ನೀರಿನಿಂದ ತೆಗೆದ ಮೀನಾದೆ. ಅವಳು ನೇರವಾಗಿ ನೀರಿನ ಟ್ಯಾಂಕಿನ ಏರಿಗೆ ಹೋದಳು. ಅರ್ಧ ಏರಿ, ನಿಲ್ಲಿಸಿದಳು. ಜಾರಲಿಲ್ಲ. ಮತ್ತೆ ಹೊರಟಳು. ಮೇಲೆ ಹೋಗಿ ತಿರುಗಿಸಿಕೊಂಡು ಬಂದು, ಇನ್ನೊಮ್ಮೆ ಹತ್ತಿದಳು. ಈ ಸಲ ಕೆಲಸವಿರಲಿಲ್ಲ, ಸುಮ್ಮನೆ.

ಟೈ ಸಾಹೇಬರು ಹಿಂದಿನಿಂದ, ಮೇಡಂ ಇಷ್ಟು ಚೆನ್ನಾಗಿ ಓಡಿಸುತ್ತೀರಿ, ಮ್ಯಾನುಯಲ್ ಕೂಡ ನಿಮಗೆ ಕಷ್ಟವಾಗಲಾರದು ಎಂದರು.

"ಗೇರು ಏನೂ ಕಷ್ಟ ಇಲ್ಲ. ಅದರ ಪಕ್ಕದಲ್ಲಿ ಇವರು ಕೂತಿರ್ತಾರೆ," ಎಂದಳು. ದನಿಯಲ್ಲಿ ಕೋಪವೇನೂ ಇರಲಿಲ್ಲ. ಮೇವಿನ ದರ ಹೇಳುವ ಹಾಗೆ ಹೇಳಿದಳು. "ಇದರಲ್ಲಿ ಇವರಿಗೆ ಹೇಳೋಕೆ ಏನೂ ಸಿಗಲ್ಲ, ನೋಡಿ. ಎಷ್ಟು ಆರಾಮಾಗಿದೆ."

ಆಟೊಮ್ಯಾಟಿಕ್ಕೇ ಬಂತು. ಯಾರು ತೀರ್ಮಾನಿಸಿದರು ಎಂದು ದಯವಿಟ್ಟು ಕೇಳಬೇಡಿ.

ಕೆಲವು ದಿನ ಕಳೆದು, ಕೋಳಿಮನೆಯ ಚಿಲಕ ಹಾಕಿದವರು ಯಾರು, ಬಿಟ್ಟವರು ಯಾರು ಎಂಬ ವಿಷಯದಲ್ಲಿ ನಮ್ಮಿಬ್ಬರಿಗೂ ಮಾತು ನಿಂತಿತು. ಬೆಳಿಗ್ಗೆ ಅಂಗಳದಲ್ಲಿ ಶತಪಥ ಹಾಕುತ್ತ, ಬಾಗಿಲಿನಿಂದ ಬರಬೇಕಾದ ಮಾತಿಗಾಗಿ ಕಾದೆ. ಹೊತ್ತೇರಿತು. ಮಾತು ಬರಲಿಲ್ಲ. ಬಂದದ್ದು ಮೆತ್ತನೆಯ ಒಂದು ಗುರುಗುಟ್ಟುವ ಸದ್ದು. ತಿರುಗಿದರೆ ಪಿಕಪ್ಪು ಗೇಟು ದಾಟುತ್ತಿದೆ! ಓಡಿದೆ. "ಏ, ನಿಲ್ಲಿಸೇ, ನಾನೂ ಬರ್ತೀನಿ," ಎಂದು ಕೂಗಿದೆ. ಮೊದಲು ಮಾತಾಡಿದವರು ಸೋತ ಹಾಗೆ.

ಅವಳು ನಿಲ್ಲಿಸಿದಳು. ಪಕ್ಕದ ಸೀಟಿನಲ್ಲಿದ್ದ ಟ್ರೇ ಎತ್ತಿ, ನಾನು ಕೂತ ಮೇಲೆ ನನ್ನ ತೊಡೆಯ ಮೇಲಿಟ್ಟಳು.

ಆ ದಿನ ಒಂದು ಹೊಸ ಅಂಗಡಿಗೆ ಹೋದೆವು. ನಾನು ಟ್ರೇಗಳನ್ನು ಒಂದೊಂದಾಗಿ, ಉಸಿರು ಬಿಗಿಹಿಡಿದು ಇಳಿಸುತ್ತಿದ್ದೆ. ಅಂಗಡಿಯವನು ಸ್ವಲ್ಪ ಹೊತ್ತು ನೋಡಿ, ಸ್ಟೀರಿಂಗ್ ಮುಂದಿದ್ದ ನನ್ನ ಹೆಂಡತಿಯನ್ನು ಕೇಳಿದ.

"ಅಕ್ಕಾ, ಕ್ಲೀನರ್ ಹೊಸಬರಾ?"

"ಹೂಂ, ಹೊಸಬರೇ," ಎಂದಳು ನನ್ನವಳು. "ಕೈ ಬಹಳ ಒಳ್ಳೇದು. ಕಾಲನ್ನ ಮಾತ್ರ ನಂಬೋಕಾಗಲ್ಲ."